ಮುಕ್ತ ಪ್ರಕಟಣೆಯ ಲೆಕ್ಕವೂ ಹರಪನಹಳ್ಳಿಯ ವಿಳಾಸವೂ

ವಿಶ್ವವಿದ್ಯಾಲಯವೊಂದು ವರ್ಷಕ್ಕೆ ಎಷ್ಟು ಸಂಶೋಧನಾ ಪ್ರಬಂಧಗಳನ್ನು ಪ್ರಕಟಿಸಿತು, ಅವುಗಳಲ್ಲಿ ಎಷ್ಟನ್ನು ಯಾರು ಬೇಕಾದರೂ ಕಾಸು ಕೊಡದೆ ಓದಬಹುದು ಎಂಬ ಲೆಕ್ಕವನ್ನು ಹಿಂದೆ ಗ್ರಂಥಪಾಲಕರು ಅಧ್ಯಾಪಕರ ಬೆನ್ನು ಹತ್ತಿ, ಮೌಲ್ಯಮಾಪನಕ್ಕೆ ನ್ಯಾಕ್ ತಂಡ ಬರುವ ಹಿಂದಿನ ವಾರ ಹೇಗೋ ಹೊಂದಿಸುತ್ತಿದ್ದರು. ಈಗ ಅದಕ್ಕೆ ಪೈಥಾನ್ ಭಾಷೆಯ ಮೂವತ್ತು ನಲವತ್ತು ಸಾಲಿನ ಕೋಡ್ ಸಾಕೆಂದು ಬಲ್ಲವರು ಹೇಳುತ್ತಾರೆ. ಕೋಡ್ ಹೋಗಿ ಓಪನ್‌ಅಲೆಕ್ಸ್ ಎಂಬ ದತ್ತಸಂಚಯದ ಬಾಗಿಲು ತಟ್ಟುತ್ತದೆ. ಪ್ರಾಚೀನ ಅಲೆಕ್ಸಾಂಡ್ರಿಯಾದ ಗ್ರಂಥಾಲಯದ ಹೆಸರು ಹೊತ್ತು 2022ರಲ್ಲಿ ಆರಂಭವಾದ ಈ ಸಂಚಯವು ಕೇಳಿದ ಸಂಸ್ಥೆಯ ಪ್ರಬಂಧಗಳನ್ನು ವರ್ಷವಾರು ವಿಂಗಡಿಸಿ, ಒಂದೊಂದಕ್ಕೂ ಬಣ್ಣ ಹಚ್ಚಿ ಕೊಡುತ್ತದೆ.

ಬಣ್ಣಗಳ ಶಾಸ್ತ್ರ ಹೀಗಿದೆ. ಪತ್ರಿಕೆಯೇ ಪೂರ್ತಿ ಮುಕ್ತವಾಗಿದ್ದರೆ ಬಂಗಾರ. ಲೇಖಕನು ತನ್ನ ಪ್ರತಿಯನ್ನು ಸಾರ್ವಜನಿಕ ಭಂಡಾರದಲ್ಲಿ ಇಟ್ಟಿದ್ದರೆ ಹಸಿರು. ಪರವಾನಗಿಯ ಸುದ್ದಿಯನ್ನೇ ಎತ್ತದೆ ಪ್ರಕಾಶಕರು ಸದ್ಯಕ್ಕೆ ಓದಲು ಬಿಟ್ಟಿದ್ದರೆ ಕಂಚು. ಬರೆದವನೂ ಓದುವವನೂ ಕಾಸು ಬಿಚ್ಚಬೇಕಿಲ್ಲದಿದ್ದರೆ ವಜ್ರ. ಕೆಲವು ಪತ್ರಿಕೆಗಳಲ್ಲಿ ಪ್ರಬಂಧದ ಬೀಗ ತೆಗೆಸುವ, ಅಂದರೆ ಅದನ್ನು ಮುಕ್ತವಾಗಿಸುವ ಶುಲ್ಕ ಬರೆದವನ ತಲೆಗೇ ಬರುತ್ತದೆ. ನೇಚರ್ ಪತ್ರಿಕೆ 2020ರಲ್ಲಿ ಸಾರಿದ ದರ 9,500 ಯೂರೋ. ಬರೆದವನಿಗೆ ಸಂಭಾವನೆ ಕೊಡುವ ಬದಲು ಬರೆದವನಿಂದಲೇ ವಸೂಲು ಮಾಡುವ ಈ ಕ್ರಮವನ್ನು ಹಡಗಲಿಯ ಮಲ್ಲಿಗೆ ಬೆಳೆಗಾರನಿಗೆ ವಿವರಿಸಲು ಹೊರಟ ಪ್ರಾಧ್ಯಾಪಕನು ಅರ್ಧಕ್ಕೇ ಮಾತು ಬದಲಿಸುವುದು ಲೇಸು. ಬೀಗ ತೆಗೆಸದಿದ್ದರೂ ವಿಚಿತ್ರವೇ: ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಹಕ್ಕಿಧಾಮವು 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲೆಗಳ ರಾಮ್ಸಾರ್ ಪಟ್ಟಿ ಸೇರಿತು, ಕೆರೆ ಏರಿಯ ಮೇಲೆ ನಿಂತವನು ಹಕ್ಕಿಯನ್ನು ಪುಕ್ಕಟೆ ನೋಡಬಹುದು, ಅದೇ ಹಕ್ಕಿಯ ಮೇಲಿನ ಪ್ರಬಂಧಕ್ಕೆ ಬೀಗ ಬಿದ್ದಿದ್ದರೆ ಡಾಲರ್ ಎಣಿಸಬೇಕು.

ವಜ್ರಕ್ಕೆ ಹಡಗಲಿ ತಾಲ್ಲೂಕಿನ ಮೈಲಾರದ ಕಾರ್ಣಿಕವೆಂಬ ಭವಿಷ್ಯವಾಣಿಯಷ್ಟು ಚೊಕ್ಕ ಉದಾಹರಣೆ ಸಿಗಲಾರದು. ಗೊರವಯ್ಯನು ಡೆಂಕನಮರಡಿಯಲ್ಲಿ ಬಿಲ್ಲನ್ನೇರಿ, ನೆರೆದ ಜನಸ್ತೋಮದ ಮುಂದೆ ಒಂದೇ ಒಂದು ನುಡಿ ನುಡಿಯುತ್ತಾನೆ. ಚಂದಾ ಇಲ್ಲ, ಶುಲ್ಕವಿಲ್ಲ, ಮಳೆ ಬೆಳೆಯಿಂದ ಹಿಡಿದು ಸರ್ಕಾರದ ಆಯುಷ್ಯದವರೆಗೆ ಅದಕ್ಕೆ ಅರ್ಥ ಹಚ್ಚುವ ವಿಮರ್ಶಕರಿಗೂ ಬರವಿಲ್ಲ. ಇಲ್ಲದಿರುವುದು ಡಿಒಐ ಮಾತ್ರ, ಅಂದರೆ ಪ್ರಬಂಧವು ಎಲ್ಲಿಗೆ ಸ್ಥಳಾಂತರಗೊಂಡರೂ ಅದನ್ನು ಹುಡುಕಿಕೊಡುವ ಶಾಶ್ವತ ಸಂಖ್ಯೆ. ಕೋಡ್ ಹೆಚ್ಚಾಗಿ ಈ ಸಂಖ್ಯೆಯನ್ನೇ ಹಿಡಿದು ನಡೆಯುವುದರಿಂದ, 1991ರಲ್ಲಿ ಸ್ಥಾಪನೆಯಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಪ್ರಸಾರಾಂಗವು ಹೊರತಂದ ಕನ್ನಡ ಪುಸ್ತಕಗಳ ಸಾಲು ಕಪಾಟು ತುಂಬಿದ್ದರೂ, ಡಿಒಐ ಇಲ್ಲದ ಪುಸ್ತಕವು ಅದರ ಕಣ್ಣಿಗೆ ಬೀಳುವ ಸಂಭವ ಕಡಿಮೆ.

ಇದಕ್ಕಿಂತ ದೊಡ್ಡ ಪೇಚು ವಿಳಾಸದ್ದು. ಅನೇಕ ಸಂಸ್ಥೆಗಳಿಗೆ ಆರ್‌ಒಆರ್ ಎಂಬ ಗುರುತಿನ ಸಂಖ್ಯೆ ಉಂಟಾದರೂ, ಪ್ರಬಂಧದಲ್ಲಿ ಲೇಖಕನು ಬರೆದ ವಿಳಾಸವನ್ನು ಆ ಸಂಖ್ಯೆಗೆ ಜೋಡಿಸುವುದು ಯಂತ್ರದ ಊಹೆ. ಬಳ್ಳಾರಿಯಲ್ಲಿರುವುದು 2010ರ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ, ಅನಂತಪುರದಲ್ಲಿರುವುದು ಬರೀ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ. ಲೇಖಕನು ಸೋಮಾರಿತನದಿಂದ ಮೊದಲ ಪದ ಬಿಟ್ಟರೆ ಅವನ ಪುಣ್ಯವೆಲ್ಲ ಆಂಧ್ರಕ್ಕೆ ಹರಿದುಹೋಗುವ ಅಪಾಯವಿದೆ, ರಾಯರು ಎರಡೂ ಕಡೆ ಆಳಿದವರಾದ್ದರಿಂದ ದೂರು ಕೊಡಲೂ ಬಾರದು. ಊರಿನ ಇಂಗ್ಲಿಷ್ ಕಾಗುಣಿತವು 2014ರಲ್ಲಿ ಬದಲಾಗಿ, ಹಳೆಯ ಬೆಳ್ಳಾರಿಯೂ ಹೊಸ ಬಳ್ಳಾರಿಯೂ ಕಡತಗಳಲ್ಲಿ ಸವತಿಯರಂತೆ ಬಾಳುತ್ತಿವೆ. ಹೂವಿನಹಡಗಲಿ ಬೇರೆ, ಹಿರೇಹಡಗಲಿ ಬೇರೆ. ಹಗರಿಬೊಮ್ಮನಹಳ್ಳಿಯು ಬಸ್ಸಿನ ಬೋರ್ಡಿನಲ್ಲಿ ಎಚ್.ಬಿ. ಹಳ್ಳಿ, ಕೊಟ್ಟೂರು ಮೊನ್ನೆಮೊನ್ನೆಯವರೆಗೆ ಕೂಡ್ಲಿಗಿ ತಾಲ್ಲೂಕಿನೊಳಗಿತ್ತು. ಕೊಟ್ಟೂರಿನ ಕಾಲೇಜಿನಲ್ಲಿ ಒಂದೇ ಕುರ್ಚಿಯಲ್ಲಿ ಕೂತು ನಿವೃತ್ತನಾದ ಅಧ್ಯಾಪಕನೂ ಮೊದಲು ಗುಲ್ಬರ್ಗಾ ವಿಶ್ವವಿದ್ಯಾಲಯದ, ಬಳಿಕ ಬಳ್ಳಾರಿ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರಿದವನು.

ಹರಪನಹಳ್ಳಿಯದಂತೂ ಒಂದು ಪುರಾಣ. ಮದ್ರಾಸ್ ರಾಜ್ಯದ ಬಳ್ಳಾರಿ ಜಿಲ್ಲೆಯಿಂದ 1953ರಲ್ಲಿ ಮೈಸೂರು ರಾಜ್ಯಕ್ಕೆ, 1997ರಲ್ಲಿ ದಾವಣಗೆರೆ ಜಿಲ್ಲೆಗೆ, ಅನಂತರ ಮರಳಿ ಬಳ್ಳಾರಿಗೆ, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿದ ಈ ಊರು ಇದ್ದಲ್ಲಿಂದ ಒಂದು ಅಂಗುಲವೂ ಕದಲಿಲ್ಲ. ಈ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ಗುಡಿಯ ಮೇಲೆ ಬೇರೆ ಬೇರೆ ಕಾಲದಲ್ಲಿ ಬರೆದ ಪ್ರಬಂಧಗಳನ್ನು ಜಿಲ್ಲೆಯ ಹೆಸರಿನಿಂದ ಹುಡುಕಿದರೆ, ಗುಡಿ ಒಂದೋ ಮೂರೋ ಎಂಬ ಜಿಜ್ಞಾಸೆ ಹುಟ್ಟುತ್ತದೆ. ಆದ್ದರಿಂದ ಕೋಡಿನ ಪಕ್ಕದಲ್ಲಿ ಹೆಸರುಗಳ ಪಟ್ಟಿಯೊಂದನ್ನು ಕೈಯಾರೆ ಕಟ್ಟಬೇಕಾಗುತ್ತದೆ. ಅದು ಕೋಡಿಗಿಂತ ಉದ್ದವಾಗುತ್ತದೆ.

ಕಡೆಗೆ ಕಂಬಗಳ ನಕ್ಷೆಯೊಂದು ಬರುತ್ತದೆ, ಅದರಲ್ಲಿ ತೀರ ಈಚಿನ ವರ್ಷದ ಹಸಿರು ಕುಗ್ಗಿರುತ್ತದೆ. ಅನೇಕ ಪ್ರಕಾಶಕರು ಆರು ತಿಂಗಳೋ ವರ್ಷವೋ ಕಳೆದ ಮೇಲಷ್ಟೇ ಲೇಖಕನ ಪ್ರತಿಯನ್ನು ಭಂಡಾರದಲ್ಲಿ ತೆರೆಯಲು ಬಿಡುವುದೇ ಇದಕ್ಕೆ ಕಾರಣವಾದರೂ, ಸಭೆಯಲ್ಲಿ ಅಷ್ಟು ತಾಳ್ಮೆ ಯಾರಿಗೂ ಇರುವುದಿಲ್ಲವಾಗಿ, ಕುಸಿತದ ಬಗ್ಗೆ ಕಳವಳ ವ್ಯಕ್ತವಾಗಿ ಉಪಸಮಿತಿಯೊಂದು ನೇಮಕವಾಗುತ್ತದೆ. ಮರುವರ್ಷ ಅದೇ ಕೋಡ್ ಓಡಿಸುವ ಹೊತ್ತಿಗೆ ಆ ಕಂಬ ತನ್ನಷ್ಟಕ್ಕೆ ತಾನೇ ಎದ್ದಿರುತ್ತದೆ, ಉಪಸಮಿತಿಗೆ ಅಭಿನಂದನಾ ನಿರ್ಣಯವೂ ಸರ್ವಾನುಮತದಿಂದ ಅಂಗೀಕಾರವಾಗುತ್ತದೆ.