ಧಾರಾವಾಹಿ ಸಂಧಿಪ್ರಕರಣಂ

ಪೀಠಿಕೆ

ಹದಿಮೂರನೆಯ ಶತಮಾನದ ಕೇಶಿರಾಜ ಟಿವಿ ನೋಡಿದ್ದನೆ? ನೋಡಿದ್ದನೆಂದೇ ನಮ್ಮ ವಾದ. ಆತ ತನ್ನ ವ್ಯಾಕರಣಕ್ಕೆ ಇಟ್ಟ ಹೆಸರನ್ನೇ ಬಿಡಿಸಿ ನೋಡಿ: ಶಬ್ದ, ಮಣಿ, ದರ್ಪಣ. ಸದ್ದು ಮಾಡುವ ಒಂದು ಗಾಜು, ಪಕ್ಕದಲ್ಲಿ ತಿರುಗಿಸಲು ಮಣಿಯಂಥದೊಂದು ಗುಂಡಿ. ಇದು ಟಿವಿಯಲ್ಲದೆ ಮತ್ತೇನು? ವಿದ್ವಾಂಸರು ಇದನ್ನು ಒಪ್ಪುವುದಿಲ್ಲ. ಅವರು ಶಾಸನ ಓದಿಕೊಂಡವರು, ಆಂಟೆನಾ ಹಿಡಿದು ನಿಂತವರಲ್ಲ.

ಶಬ್ದಮಣಿದರ್ಪಣದ ಮೊದಲ ಪ್ರಕರಣವೇ ಸಂಧಿ. ಅದು ಸುಮ್ಮನೆ ಮೊದಲಿಗೆ ಬಂದದ್ದಲ್ಲ. 1980ರ ದಶಕದ ದೂರದರ್ಶನದ ಯಾವ ಸೀರಿಯಲ್ಲಿನ ಯಾವ ಕಂತನ್ನಾದರೂ ತೆಗೆದುಕೊಳ್ಳಿ. ನಾವು ಹೈಸ್ಕೂಲಿನಲ್ಲಿ ಉರು ಹೊಡೆದ ಸಂಧಿಗಳಾಚೆಗೆ ಅದರ ಕಥೆ ಒಂದು ಹೆಜ್ಜೆಯನ್ನೂ ಇಡುವುದಿಲ್ಲ. ಇದನ್ನು ಸಾಧಿಸಿ ತೋರಿಸುವುದು ಈ ಪ್ರಬಂಧದ ಉದ್ದೇಶ.

ಆಕರ ವಿಚಾರ

ಕ್ಷೇತ್ರಕಾರ್ಯ ನಡೆದದ್ದು ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿಯ ನಡುಮನೆಯಲ್ಲಿ. ಉಪಕರಣ: ಅಂಗಡಿ ಬಾಗಿಲಿನಂತೆ ಎಳೆದು ಮುಚ್ಚುವ ಶಟರ್ ಇದ್ದ ಕಪ್ಪು ಬಿಳುಪು ಟಿವಿ. ವಿದ್ವತ್ ಮಂಡಳಿ: ಅಧ್ಯಕ್ಷರಾಗಿ ತಾತ, ವಿಮರ್ಶಕಿಯಾಗಿ ಅಜ್ಜಿ, ಹಿಂದಿ ತಜ್ಞರಾಗಿ ಮಿಲಿಟರಿಯಿಂದ ಬಂದಿದ್ದ ಚಿಕ್ಕಪ್ಪ. ಇವರಲ್ಲದೆ ಅರ್ಧ ಬೀದಿ.

ಒಂದು ಮಿತಿಯನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ಪ್ರಬಂಧಕಾರನು ಮನೆಯಲ್ಲಿ ಕಿರಿಯವನಾದ್ದರಿಂದ ಅನೇಕ ಕಂತುಗಳನ್ನು ಹೆಂಚಿನ ಮೇಲೆ ನಿಂತು ಅಧ್ಯಯನ ಮಾಡಿದನು. ಅಲ್ಲಿಂದ ಅವನ ಪ್ರಶ್ನೆ ಒಂದೇ: “ಬಂತಾ?” ಒಳಗಿನಿಂದ ಉತ್ತರವೂ ಒಂದೇ: “ಬಂತು ಬಂತು, ಅಂಗೇ ಇಡ್ಕೊಂಡು ನಿಂತ್ಕ!” ಹೀಗಾಗಿ ಕೆಲವು ಕಥೆಗಳು ಅವನಿಗೆ ಹೆಂಚಿನ ಸಂದಿಯಿಂದ ಕೇಳಿಬಂದ ಪಾಠಾಂತರಗಳು.

ಸೂತ್ರ 1: ಕೊಲೆಗಾರನ ಹೆಸರು ಪರವಾದಾಗ ಕರೆಂಟು ಲೋಪವಾಗುವುದು

ಇದು ಲೋಪಸಂಧಿ. ಊರು, ಅಲ್ಲಿ ಎಂಬೆರಡು ಪದ ಕೂಡಿ ‘ಊರಲ್ಲಿ’ ಆಗುವಾಗ ನಡುವಿನ ಉಕಾರ ಹೇಳದೆ ಕೇಳದೆ ಹೋಗುವಂತೆ, ಕಂತಿನ ನಡುವೆ ಕರೆಂಟು ಹೋಗುತ್ತಿತ್ತು.

ಈ ಹೋಗುವಿಕೆಗೆ ಐತಿಹಾಸಿಕ ಕಾರಣವಿದೆ. ಕರೆಂಟು ಹುಟ್ಟಿದ್ದೇ ನಮ್ಮ ತಾಲ್ಲೂಕಿನಲ್ಲಿ, ಶಿವನಸಮುದ್ರದಲ್ಲಿ. ಹುಟ್ಟಿದ ಕೂಡಲೇ, 1902ರಲ್ಲಿ, ಅದು ಕಾವೇರಿ ದಡ ಬಿಟ್ಟು ನೂರೈವತ್ತು ಕಿಲೋಮೀಟರಿನಷ್ಟು ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. ಮೂರು ವರ್ಷಕ್ಕೆ ಬೆಂಗಳೂರಿನ ಬೀದಿ ದೀಪಕ್ಕೂ ಹೋಯಿತು. ‘ಕರೆಂಟು ಹೋಯಿತು’ ಎಂಬ ನುಡಿಗಟ್ಟು ಬೇರೆಯವರಿಗೆ ಬರಿಯ ನುಡಿಗಟ್ಟು, ಮಳವಳ್ಳಿಯವರಿಗೆ ಚರಿತ್ರೆ. ತೌರು ಬಿಟ್ಟು ಹೋದ ಮಗಳು ಮತ್ತೆ ಬಂದರೂ ಎಷ್ಟು ಹೊತ್ತು ನಿಂತಾಳು?

ಉದಾಹರಣೆಗೆ ‘ಕರಮ್‌ಚಂದ್’. ಪಂಕಜ್ ಕಪೂರ್ ಪತ್ತೇದಾರ, ಸದಾ ಕೈಯಲ್ಲಿ ಗಜ್ಜರಿ, ಪಕ್ಕದಲ್ಲಿ ಸಹಾಯಕಿ ಕಿಟ್ಟಿ. ಒಂದು ರಾತ್ರಿ ಆತ ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂರಿಸಿ, ಗಜ್ಜರಿ ಕಡಿದು, ಕೈ ಎತ್ತಿ ಒಬ್ಬನ ಕಡೆ ತೋರಿಸುವಷ್ಟರಲ್ಲಿ ಗಾಜಿನ ನಡುವೆ ಒಂದು ಬಿಳಿ ಚುಕ್ಕೆ ಉಳಿದು, ಅದೂ ಆರಿತು. ಕತ್ತಲಲ್ಲಿ ಅಧ್ಯಕ್ಷರು ತೀರ್ಪು ಕೊಟ್ಟರು: “ಕಾಪಿ ತಂದ್ಕೊಟ್ನಲ್ಲ, ಅವ್ನೇ ಕನ್ಲಾ. ಕೇಳ್ದೆ ಕಾಪಿ ಕೊಡೋನ್ನ ನಂಬ್ಬಾರ್ದು.” ಬುಡ್ಡಿ ದೀಪ ಬಂತು, ಮುದ್ದೆ ಬಂತು, ಯಾರೂ ಮೇಲ್ಮನವಿ ಸಲ್ಲಿಸಲಿಲ್ಲ.

ಸೂತ್ರ 2: ಗಂಡ ಹೆಂಡಿರ ನಡುವೆ ಸತೀಶ್ ಶಾ ಹೊಸದಾಗಿ ಬರುವುದು

ಮನೆ, ಅನ್ನು ಸೇರಿ ‘ಮನೆಯನ್ನು’ ಆಗುತ್ತದೆ. ನಡುವೆ ಬಂದ ಯಕಾರ ‘ಮನೆ’ಗೆ ಸೇರಿದ್ದಲ್ಲ, ‘ಅನ್ನು’ವಿಗೂ ನೆಂಟನಲ್ಲ. ಆದರೂ ಬಂದು ಇಬ್ಬರ ನಡುವೆ ಕೂರುತ್ತದೆ. ಇದೇ ಆಗಮ.

1984ರಲ್ಲಿ ಬಂದ ‘ಯೇ ಜೋ ಹೈ ಜಿಂದಗಿ’ಯನ್ನು ಬರೆದ ಶರದ್ ಜೋಶಿಯವರು ಈ ಸೂತ್ರವನ್ನು ಚೆನ್ನಾಗಿ ಬಲ್ಲವರು. ರಂಜಿತ್, ರೇಣು ಎಂಬ ಗಂಡ ಹೆಂಡತಿ. ಹೆಂಡತಿಯ ತಮ್ಮ ರಾಜಾ. ಮನೆ ನೆಮ್ಮದಿಯಾಗಿದೆ ಎನ್ನುವಾಗ ಬಾಗಿಲು ಬಡಿಯುತ್ತದೆ. ಬಂದವನು ಪ್ರತಿ ಕಂತಿನಲ್ಲೂ ಸತೀಶ್ ಶಾ, ಪ್ರತಿ ಕಂತಿನಲ್ಲೂ ಬೇರೆಯ ವೇಷ, ಬೇರೆಯ ಮಾತು. ಅವನು ತಂದ ಗೊಂದಲ ಬೆಳೆಯುತ್ತದೆ, ತಿಳಿಯಾಗುತ್ತದೆ, ಅವನು ಹೋಗುತ್ತಾನೆ. ಆ ಕಾಲದ ಹಾಸ್ಯ ಧಾರಾವಾಹಿಗಳ ಕಥೆಗಳನ್ನೆಲ್ಲ ಹಿಂಡಿ ಕಾಯಿಸಿ ಬೆಲ್ಲ ಮಾಡಿದರೆ ಸಿಗುವ ಅಚ್ಚು ಇದೊಂದೇ.

ಗಮನಿಸಬೇಕಾದ್ದು, ಈ ಸಂಧಿ ಗಾಜಿನ ಎರಡೂ ಬದಿಗೆ ನಡೆಯುತ್ತಿತ್ತು ಎಂಬುದು. ಒಳಗೆ ಸತೀಶ್ ಶಾ ಬಾಗಿಲು ಬಡಿದ ಹೊತ್ತಿಗೇ ನಮ್ಮ ಬಾಗಿಲನ್ನೂ ಯಾರೋ ಬಡಿಯುತ್ತಿದ್ದರು. ಮದ್ದೂರಿನ ಮಾವ ವಡೆಯ ಪೊಟ್ಟಣ ಹಿಡಿದು ನಿಂತಿರುತ್ತಿದ್ದರು. ಆ ವಡೆ ಗಟ್ಟಿ ಜಾತಿಯದು, ಕಡಿದರೆ ಕರುಮ್ಮೆನ್ನುತ್ತದೆ. ಆ ಸದ್ದಿನಲ್ಲಿ ಮುಳುಗಿಹೋದ ಸಂಭಾಷಣೆಗಳ ಲೆಕ್ಕ ಇಟ್ಟವರಿಲ್ಲ.

ಕೆಲವೆಡೆ ಆಗಮ ಬಂದದ್ದು ಹೋಗುವುದೇ ಇಲ್ಲ. ಬೆಂಗಳೂರು ದೂರದರ್ಶನದ ‘ಸಿಹಿಕಹಿ’ ಮುಗಿದು ದಶಕಗಳಾದವು. ಅದರಲ್ಲಿ ನಟಿಸಿದ ಚಂದ್ರು, ಗೀತಾ ಇಬ್ಬರ ಹೆಸರಿನ ಮುಂದೆ ಅದು ಇನ್ನೂ ಕೂತಿದೆ.

ಸೂತ್ರ 3: ಹಿಂದಿಯ ಸ್ಥಾನದಲ್ಲಿ ಮಂಡ್ಯ ಆದೇಶವಾಗಿ ಬರುವುದು

ಮಳೆ, ಕಾಲ ಸೇರಿದಾಗ ಕಕಾರ ಎದ್ದುಹೋಗಿ ಅದರ ಜಾಗದಲ್ಲಿ ಗಕಾರ ಕೂರುತ್ತದೆ. ಒಬ್ಬರ ಕುರ್ಚಿಯಲ್ಲಿ ಇನ್ನೊಬ್ಬರು ಕೂರುವ ಈ ವಿದ್ಯೆ ಜಿಲ್ಲೆಯ ರಾಜಕಾರಣ ಬಲ್ಲವರಿಗೆ ಹೊಸದೇನಲ್ಲ.

7 ಜುಲೈ 1984ರಂದು ಶುರುವಾದ ‘ಹಮ್ ಲೋಗ್’ ಕುಟುಂಬ ಯೋಜನೆಯ ಪ್ರಚಾರಕ್ಕೆಂದು ಹುಟ್ಟಿದ್ದು. ಮೆಕ್ಸಿಕೋದವರು ಹಾಗೆ ಮಾಡಿ ಗೆದ್ದಿದ್ದರು. ಮನೋಹರ ಶ್ಯಾಮ್ ಜೋಶಿ ಬರೆದರು. ಮೊದಲ ಹದಿಮೂರು ಕಂತು ಬರುವಷ್ಟರಲ್ಲಿ ಜನ ಉಪದೇಶಕ್ಕೆ ಬೇಸತ್ತರು, ಉಪದೇಶ ತೆಳುವಾಯಿತು. ಯೋಜನೆ ಹೋಗಿ ಕುಟುಂಬ ಉಳಿಯಿತು. ಇಡೀ ದೇಶ ನೋಡಿದ ಆದೇಶಸಂಧಿ ಇದು.

ನಮ್ಮ ನಡುಮನೆಯಲ್ಲಿ ಇದರ ಮೇಲೆ ಎರಡನೆಯ ಆದೇಶ ನಡೆಯಿತು. ಧಾರಾವಾಹಿಯ ಮನೆಯ ಹಿರಿಮಗಳನ್ನು ಎಲ್ಲರೂ ‘ಬಡ್ಕೀ’ ಎಂದು ಕರೆಯುತ್ತಿದ್ದರು. ಹಿಂದಿಯಲ್ಲಿ ಅದಕ್ಕೆ ದೊಡ್ಡವಳೆಂದು ಅರ್ಥ. ವಿಮರ್ಶಕಿ ಕನ್ನಡದ ಅರ್ಥವನ್ನೇ ಹಿಡಿದರು: “ಎಸ್ರೇ ಬಡ್ಕಿ ಅಂತ ಮಡಗವ್ರಲ್ಲ, ಆ ಉಡ್ಗಿಗೆ ಒಟ್ಟೆ ತುಂಬ ಮುದ್ದೆ ಆಕಾಕಿಲ್ವಾ?” ಆಕೆಯ ಮದುವೆ ಯಾಕೆ ತಡವಾಗುತ್ತಿದೆ ಎಂಬ ಪ್ರಶ್ನೆಗೆ ಉತ್ತರ ಅಲ್ಲೇ ಸಿಕ್ಕಿತು. ರಾಗಿಯ ಕೊರತೆಯೇ ‘ಹಮ್ ಲೋಗ್’ ಕಥೆಯ ಬೀಜ ಎಂಬ ಆಕೆಯ ಸಿದ್ಧಾಂತವನ್ನು ಇದುವರೆಗೆ ಯಾರೂ ಖಂಡಿಸಿಲ್ಲ.

ಹಿಂದಿ ತಜ್ಞರ ಕೊಡುಗೆಯನ್ನೂ ಇಲ್ಲಿ ನೆನೆಯಬೇಕು. ಗಾಜಿನೊಳಗೆ ಐದು ನಿಮಿಷ ಮಾತು ನಡೆದ ಮೇಲೆ ಎಲ್ಲರೂ ಚಿಕ್ಕಪ್ಪನ ಕಡೆ ತಿರುಗುತ್ತಿದ್ದರು. “ಏನಂತೆ?” ಚಿಕ್ಕಪ್ಪ ಗಂಭೀರವಾಗಿ ಹೇಳುತ್ತಿದ್ದರು: “ಏನಿಲ್ಲ, ಜಗ್ಳ ಆಡ್ತಾವ್ರೆ.” ಕಂತಿನ ಕೊನೆಗೆ ಅಶೋಕ್ ಕುಮಾರ್ ಬಂದು ನಾಲ್ಕು ಹಿತವಚನ ಹೇಳುತ್ತಿದ್ದರಲ್ಲ, ಅದಕ್ಕೂ ಅನುವಾದ ಅದೇ: “ಜಗ್ಳ ಆಡ್ಬ್ಯಾಡಿ ಅಂತಾವ್ರೆ.”

ಸೂತ್ರ 4: ಬಾಣಕ್ಕೆ ಬಾಣ ಪರವಾದಾಗ ದೀರ್ಘ ಬರುವುದು

ಇದು ಸಂಸ್ಕೃತದ ಸವರ್ಣದೀರ್ಘ. ವಿಷಯವೂ ಸಂಸ್ಕೃತದ್ದೇ, ರಾಮಾಯಣ. 25 ಜನವರಿ 1987ರ ಭಾನುವಾರ ಬೆಳಿಗ್ಗೆ ಶುರುವಾಯಿತು. ರಾಮಾನಂದ ಸಾಗರರು 52 ಕಂತು ಎಂದುಕೊಂಡಿದ್ದರು, ಎಳೆದು ಎಳೆದು 78 ಆಯಿತು. ಈ ಕಡೆಯಿಂದ ಒಂದು ಬಾಣ ಹೊರಡುತ್ತದೆ, ಆ ಕಡೆಯಿಂದ ಅದೇ ಜಾತಿಯ ಇನ್ನೊಂದು. ಎರಡೂ ಆಕಾಶದಲ್ಲಿ ಮುಖಾಮುಖಿಯಾಗುವ ಹೊತ್ತಿಗೆ ಅಡಿಗೆಮನೆಯಲ್ಲಿ ಅವರೆಕಾಳು ಬೆಂದಿರುತ್ತಿತ್ತು.

ಆ ಭಾನುವಾರಗಳಂದು ಶಟರಿಗೆ ಅರಿಶಿನ ಕುಂಕುಮ, ನೆತ್ತಿಗೆ ಕನಕಾಂಬರ. ಊದುಕಡ್ಡಿ ಸಿಕ್ಕಿಸಲು ಜಾಗವಿಲ್ಲದೆ ಸದ್ದಿನ ಗುಂಡಿಯ ಪಕ್ಕದಲ್ಲೇ ಸಿಕ್ಕಿಸಿ, ಗುಂಡಿ ಒಂದು ಕಡೆ ಕರಗಿ, ಆಮೇಲೆ ರಾವಣನ ನಗುವನ್ನು ತಗ್ಗಿಸಲು ಯಾರಿಂದಲೂ ಆಗಲಿಲ್ಲ. ರಾಮನ ಪಾತ್ರದ ಅರುಣ್ ಗೋವಿಲ್ ಎರಡು ವರ್ಷದ ಹಿಂದೆ ಇದೇ ಸಾಗರರ ‘ವಿಕ್ರಮ್ ಔರ್ ಬೇತಾಳ್’ನಲ್ಲಿ ವಿಕ್ರಮನಾಗಿದ್ದವರು. ಅಜ್ಜಿ ಗುರುತು ಹಿಡಿದು ಕೈಮುಗಿದರು: “ದೆವ್ವ ಒತ್ತ ಪುಣ್ಯಕ್ಕೆ ದ್ಯಾವ್ರಾದ.”

ಸೂತ್ರ 5: ಮಾಲ್ಗುಡಿ ಪರವಾದಾಗ ಯಾವ ಸಂಧಿಯೂ ಇಲ್ಲ

ಎರಡು ಸ್ವರ ಎದುರಾದರೂ ಸಂಧಿಯಾಗದೆ ಇದ್ದ ಹಾಗೇ ಇರುವುದಕ್ಕೆ ಪ್ರಕೃತಿಭಾವ ಎಂದು ಹೆಸರು. ಅಯ್ಯೋ, ಅಬ್ಬಾ ಎಂಬಂಥ ಮಾತುಗಳ ಮುಂದೆ ಹೀಗಾಗುತ್ತದೆ.

ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ತೆಗೆದದ್ದು ಆಗುಂಬೆಯಲ್ಲಿ. ಭಾಷೆ ಹಿಂದಿಯೇ. ಆದರೆ ಮಳೆ ನಮ್ಮದು, ಹೆಂಚು ನಮ್ಮದು, ಸ್ವಾಮಿಯಾದ ಮಾಸ್ಟರ್ ಮಂಜುನಾಥ್ ನಮ್ಮವನು, ಅಪ್ಪನಾದ ಗಿರೀಶ್ ಕಾರ್ನಾಡರೂ ನಮ್ಮವರು. ಲೆಕ್ಕ ಬಾರದ ಸ್ವಾಮಿ ಅಪ್ಪನೆದುರು ನಿಂತು ಕಣ್ಣು ಪಿಳಿಪಿಳಿ ಬಿಟ್ಟಾಗ ಚಿಕ್ಕಪ್ಪ ರೂಢಿಯಂತೆ ಬಾಯಿ ತೆರೆದರು. ತಾತ ಕೈ ಎತ್ತಿದರು: “ನೀ ಸುಮ್ಕಿರ್ಲಾ, ನಮ್ಗೇ ತಿಳೀತದೆ.” ಅಜ್ಜಿ ಗಾಜಿನೊಳಗಿನ ಅಪ್ಪನಿಗೇ ಹೇಳಿದರು: “ಅಯ್ಯೋ, ಒಡೀಬ್ಯಾಡ ಬುಡಪ್ಪ, ಮೊಗ ಎದ್ರಕತದೆ.” ಅಯ್ಯೋ ಆದ ಮೇಲೆ ಅವರು ಅರೆಗಳಿಗೆ ಉಸಿರು ಹಿಡಿದರು, ಸಂಧಿಯಾಗಲಿಲ್ಲ. ಆ ಸಂಜೆ ಕರೆಂಟೂ ಹೋಗಲಿಲ್ಲ.

ಉಪಸಂಹಾರ

ಇಷ್ಟರಿಂದ ಸಿದ್ಧವಾಗುವುದೇನೆಂದರೆ, ಆ ಕಾಲದ ಕಂತುಗಳನ್ನು ಮುಂಬಯಿಯವರು ಅರ್ಧ ಬರೆದರು, ಉಳಿದರ್ಧವನ್ನು ನೋಡಿದವರು ಬರೆದರು. ಹೀಗಾಗಿ ಒಂದೊಂದು ಬೀದಿಗೂ ಒಂದೊಂದು ಪಾಠ.

ಕೊನೆಗೆ ಓದುಗರಲ್ಲಿ ಒಂದು ವಿನಂತಿ. ‘ಕರಮ್‌ಚಂದ್’ನ ಆ ಕಂತು ಹುಡುಕಿದರೆ ಮೊಬೈಲಿನಲ್ಲಿ ಸಿಕ್ಕೀತು ಎಂದು ಮಗ ಹೇಳುತ್ತಾನೆ. ನಿಜವಾದ ಕೊಲೆಗಾರ ಯಾರೆಂದು ನಿಮಗೆ ಗೊತ್ತಿದ್ದರೆ ದಯವಿಟ್ಟು ತಿಳಿಸಬೇಡಿ. ನಮ್ಮ ಮನೆಯಲ್ಲಿ ಕಾಫಿ ತಂದವನು ನಲವತ್ತು ವರ್ಷದಿಂದ ಜೈಲಿನಲ್ಲಿದ್ದಾನೆ. ಅವನನ್ನು ಬಿಡಿಸಬೇಕಾದರೆ ತಾತನ ಸಹಿ ಬೇಕು.