ಹನ್ನೊಂದು ದೋಣಿ, ಒಂದು ಭರತ

ಲೋಕದಲ್ಲಿ ಮನುಷ್ಯನು ಕೂಡಿಡುವ ಸೊತ್ತುಗಳು ಅನೇಕವಿರಬಹುದು. ಆದರೆ ಅವನನ್ನು ನಿಂತ ಕಾಲಿನಲ್ಲಿಯೇ ಅರಸನನ್ನಾಗಿಸುವ ಸೊತ್ತು ದೋಣಿಯೊಂದೇ ಎಂಬುದು ಬಹುಕಾಲದ ಅವಲೋಕನದಿಂದ ನನಗೆ ಸಿದ್ಧವಾದ ಅಭಿಪ್ರಾಯ. ಮನೆಯುಳ್ಳವನಿಗೆ ಮನೆಯೊಳಗೆ ಮಾತು ಕೇಳಿಸುವವರುಂಟು, ಗದ್ದೆಯುಳ್ಳವನಿಗೆ ಬೇಲಿಯಾಚೆ ದಾಯಾದಿಯುಂಟು, ಎತ್ತುಳ್ಳವನಿಗೆ ಎತ್ತಿನದೇ ಆದ ಒಂದು ಸ್ವತಂತ್ರ ಅಭಿಪ್ರಾಯವುಂಟು. ದೋಣಿಯುಳ್ಳವನಾದರೋ ದಡದಿಂದ ನಾಲ್ಕು ಮಾರು ದೂರ ಸರಿದನೆಂದರೆ ಅವನಿಗೆ ಎದುರಾಡುವವರು ಕಡಲಕಾಗೆಗಳ ಹೊರತು ಮತ್ತಾರೂ ಇಲ್ಲ. ಆದುದರಿಂದ ಹನ್ನೊಂದು ದೋಣಿಗಳ ಒಡೆಯರನ್ನು ಒಟ್ಟುಗೂಡಿಸಿ ಶನಿವಾರ ಭಾನುವಾರಗಳ ಒಂದು ಜಲವಿಹಾರವನ್ನು ನಡೆಸುತ್ತೇನೆಂದು ಹೊರಡುವುದು ಹನ್ನೊಂದು ಮಂದಿ ಚಕ್ರವರ್ತಿಗಳನ್ನು ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರಿಸುತ್ತೇನೆಂದು ಹೊರಟಂತೆ. ಕಪ್ಪೆಗಳನ್ನು ತಕ್ಕಡಿಯಲ್ಲಿ ತೂಗುವವನ ಕಷ್ಟವನ್ನು ನಮ್ಮ ಹಿರಿಯರು ಗಾದೆ ಮಾಡಿಟ್ಟಿದ್ದಾರೆ. ಆದರೆ ಆ ಪುಣ್ಯಾತ್ಮನ ಕಪ್ಪೆಗಳಲ್ಲಿ ಯಾವುದೂ ತೂಕಕ್ಕೆ ಮೊದಲು ತನ್ನನ್ನೇ ಏರಿಸಬೇಕೆಂದು ಪಟ್ಟು ಹಿಡಿದಿರಲಿಲ್ಲ.

ನಮ್ಮ ನದಿಯ ಹೆಸರು ಅಘನಾಶಿನಿ. ಪಾಪವನ್ನು ನಾಶಮಾಡುವವಳೆಂಬ ಈ ಬಿರುದು ಅವಳಿಗೆ ಎಷ್ಟು ಸಲ್ಲುತ್ತದೆಯೋ ತಿಳಿಯದು. ಪಾಪಗಳನ್ನು ತೊಳೆದುಕೊಳ್ಳಬೇಕೆಂಬ ಆಸೆಯನ್ನಂತೂ ಅವಳು ದಂಡೆಯವರಲ್ಲಿ ಹುಟ್ಟಿಸಿಲ್ಲ, ದೋಣಿಯ ಹುಚ್ಚನ್ನು ಮಾತ್ರ ಧಾರಾಳವಾಗಿ ಹುಟ್ಟಿಸಿದ್ದಾಳೆ. ಇದಕ್ಕೆ ಕಾರಣ ಮೂಲದಲ್ಲಿಯೇ ಇದೆ: ಸಿರಸಿಯ ಸೀಮೆಯಲ್ಲಿ ಅವಳಿಗೆ ಜನ್ಮಕೊಡುವ ಎರಡು ಹಳ್ಳಗಳಲ್ಲಿ ಒಂದರ ಹೆಸರು ದೋಣಿಹಳ್ಳ. ಅಲ್ಲಿಂದ ಹೊರಟು, ಉಂಚಳ್ಳಿಯಲ್ಲಿ 116 ಮೀಟರು ಧುಮುಕಿ, ದಾರಿಯಲ್ಲೆಲ್ಲಿಯೂ ದೊಡ್ಡ ಅಣೆಕಟ್ಟಿನ ನಿರ್ಬಂಧಕ್ಕೆ ಕೊರಳೊಡ್ಡದೆ, ಘಟ್ಟವಿಳಿದು ಕುಮಟೆಯ ತಾಲ್ಲೂಕಿಗೆ ಬಂದು, ಬಡಗಣ ದಡದ ತದಡಿಗೂ ತೆಂಕಣ ದಡದ ಅಘನಾಶಿನಿಯೆಂಬ ಊರಿಗೂ ನಡುವೆ ಅವಳು ಸಮುದ್ರವನ್ನು ಸೇರುತ್ತಾಳೆ. ಸೇರುವುದಕ್ಕೆ ಮುಂಚೆ ವಿಸ್ತಾರವಾಗಿ ಹರಡಿಕೊಂಡು ಕಾಂಡ್ಲದ ಗಿಡಗಳು, ಗಜನಿಯ ಗದ್ದೆಗಳು, ಹೊಯಿಗೆಯ ದಿಬ್ಬಗಳು, ಇವುಗಳ ನಡುವೆ ಅವಳು ಆಡುವ ಆಟವೇ ನಮ್ಮ ಅಳಿವೆ. ಅಲ್ಲಿ ಉಪ್ಪುನೀರಿಗೂ ಅಳುಕದೆ ನಿಲ್ಲುವ ಕಗ್ಗವೆಂಬ ಭತ್ತವುಂಟು, ಮೊಣಕಾಲುನೀರಿನಲ್ಲಿ ನಿಂತು ಹೆಕ್ಕುವ ಬಳಚೆಂಬ ಚಿಪ್ಪುಜೀವಿಯುಂಟು, ಮನೆಗೊಂದು ದೋಣಿಯುಂಟು.

ನನ್ನದೂ ಒಂದುಂಟು. ಮೇಷ್ಟ್ರ ಕೆಲಸದಿಂದ ನಿವೃತ್ತನಾದ ವರ್ಷ ಕೊಂಡ ಪಾತಿದೋಣಿ ಅದು. ಒಂದೇ ಮರವನ್ನು ಕೊರೆದು ಮಾಡಿದ್ದು. ಅದರಲ್ಲಿ ಇಬ್ಬರು ಸುಖವಾಗಿ ಕುಳಿತುಕೊಳ್ಳಬಹುದು, ಆದರೆ ಆ ಇಬ್ಬರಲ್ಲಿ ಗಾಢವಾದ ಸೌಹಾರ್ದವಿರಬೇಕು: ಒಬ್ಬನು ಸೀನಿದರೆ ಇನ್ನೊಬ್ಬನು ತತ್‌ಕ್ಷಣವೇ ಎದುರು ಪಕ್ಕಕ್ಕೆ ವಾಲತಕ್ಕದ್ದು. ನನ್ನ ಶ್ರೀಮತಿ ಒಮ್ಮೆ ಅದರಲ್ಲಿ ಕುಳಿತು ಅಕ್ಕನ ಮನೆಗೆ ಹೋಗಿಬಂದ ಮೇಲೆ, ಇನ್ನು ಮುಂದೆ ಬಸ್ಸಿನಲ್ಲಿ ಸುತ್ತಿ ಬಳಸಿ ಹೋದರೂ ಚಿಂತೆಯಿಲ್ಲವೆಂದು ತೀರ್ಮಾನಿಸಿದ್ದಾಳೆ.

2024ರ ಜನವರಿಯ ಕೊನೆಯಲ್ಲಿ, ಜೌಗುನೆಲಗಳ ರಕ್ಷಣೆಗಾಗಿ ಇರುವ ರಾಮ್ಸರ್ ಪಟ್ಟಿಗೆ ನಮ್ಮ ಅಳಿವೆಯೂ ಸೇರಿತೆಂಬ ವಾರ್ತೆ ಬಂದಾಗ, ತದಡಿಯ ಧಕ್ಕೆಯ ಬಳಿಯ ಚಹದಂಗಡಿಯಲ್ಲಿ ಕೂಡಿದ್ದ ಮಂಡಳಿಗೆ ಒಂದು ಬಗೆಯ ಗಾಂಭೀರ್ಯ ಆವರಿಸಿತು. ಜಗತ್ತಿನ ಪಟ್ಟಿಯೊಂದರಲ್ಲಿ ಹೆಸರು ಬಿದ್ದಮೇಲೆ ನದಿಯ ಮರ್ಯಾದೆಗೆ ತಕ್ಕಂತೆ ನಾವೇನಾದರೂ ಮಾಡಬೇಡವೆ ಎಂದು ಅಂಚೆಯಿಂದ ನಿವೃತ್ತರಾದವರು ಕೇಳಿದರು. ಎಲ್ಲರ ದೋಣಿಗಳೂ ಒಟ್ಟಾಗಿ ಹೊರಟು ಮಿರ್ಜಾನಿನ ಕೋಟೆಯವರೆಗೆ ಹೋಗಿ, ಅಲ್ಲಿ ಒಂದು ರಾತ್ರಿ ತಂಗಿ, ಮರುದಿನ ತಿರುಗಿ ಬರತಕ್ಕದ್ದೆಂದು ತೆಂಗಿನ ವ್ಯಾಪಾರಿಗಳು ಸೂಚಿಸಿದರು. ಯಂತ್ರದೋಣಿಯ ಯಜಮಾನರು ಅದನ್ನು ಅನುಮೋದಿಸಿದರು. ಸಂಚಾಲಕರು ಯಾರೆಂಬ ಪ್ರಶ್ನೆ ಬಂದೊಡನೆ ಮೂವರೂ ನನ್ನ ಕಡೆಗೆ ತಿರುಗಿದರು. ನನ್ನ ಅರ್ಹತೆಯೇನೆಂದು ಕೇಳಿದೆ. ಎಲ್ಲರಿಗಿಂತ ಚಿಕ್ಕ ದೋಣಿ ನಿಮ್ಮದು, ಆದುದರಿಂದ ನಿಮ್ಮ ಮೇಲೆ ಯಾರಿಗೂ ಅಸೂಯೆಯಿಲ್ಲ ಎಂದರು. ಲೋಕದಲ್ಲಿ ಅಧ್ಯಕ್ಷರೂ ಸಂಚಾಲಕರೂ ಹೇಗೆ ಆರಿಸಲ್ಪಡುತ್ತಾರೆಂಬ ರಹಸ್ಯ ಅಂದು ನನಗೆ ತಿಳಿಯಿತು.

ಮೊದಲ ಕೆಲಸ ದಿನವನ್ನು ಗೊತ್ತುಮಾಡುವುದು. ಭೂಮಿಯ ಮೇಲೆ ಪ್ರಯಾಣ ಮಾಡುವವನು ರಜೆ ಎಂದು ಸಿಕ್ಕೀತೆಂದು ನೋಡಿದರೆ ಸಾಕು. ಅಳಿವೆಯಲ್ಲಿ ಪ್ರಯಾಣ ಮಾಡುವವನು ಚಂದ್ರನ ಅನುಮತಿಯನ್ನೂ ಪಡೆಯಬೇಕು. ಭರತವೆಂದು ನಾವು ಕರೆಯುವ ಸಮುದ್ರದ ಏರುನೀರು ಹಗಲೂ ಇರುಳೂ ಸೇರಿ ಎರಡು ಸಲ ಒಳನುಗ್ಗುತ್ತದೆ, ಎರಡು ಸಲ ಇಳಿತವಾಗಿ ಹೊರಸರಿಯುತ್ತದೆ. ಹಾಗೆ ಬರುವುದೂ ದಿನಕ್ಕೆ ಸುಮಾರು ಎರಡು ಗಳಿಗೆಯಷ್ಟು ತಡವಾಗುತ್ತ ಹೋಗುತ್ತದೆ. ಹುಣ್ಣಿಮೆ ಅಮಾವಾಸ್ಯೆಗಳ ಸುಮಾರಿಗೆ ಸೂರ್ಯನೂ ಚಂದ್ರನೂ ಏಕಮತದಿಂದ ಎಳೆಯುವುದರಿಂದ ಭರತವೂ ದೊಡ್ಡದು, ಇಳಿತವೂ ದೊಡ್ಡದು. ಅಷ್ಟಮಿಯ ಸುಮಾರಿಗೆ ಇಬ್ಬರಿಗೂ ಭಿನ್ನಾಭಿಪ್ರಾಯ, ನೀರಿಗೂ ಆಲಸ್ಯ. ಆ ವರ್ಷ ಮಾಘದ ಹುಣ್ಣಿಮೆ ಶನಿವಾರವೇ ಬಿದ್ದಿತ್ತು. ನಮ್ಮ ಕಡೆ ಹುಣ್ಣಿಮೆಯ ದಿನ ನಡುಹಗಲಿಗೆ ಕೊಂಚ ಮುಂಚೆ ನೀರು ತುಂಬುವುದರಿಂದ, ಬೆಳಗ್ಗೆ ಏಳು ಗಂಟೆಗೆ ಹೊರಟವನನ್ನು ಭರತವೇ ಹೆಗಲ ಮೇಲೆ ಹೊತ್ತು ಹನ್ನೊಂದರೊಳಗೆ ಎರಡು ಹರಿದಾರಿ ಮೇಲಕ್ಕೆ ಮುಟ್ಟಿಸುತ್ತದೆ. ಭಾನುವಾರ ಮಧ್ಯಾಹ್ನ ಹೊರಟರೆ ಇಳಿತ ಅವನನ್ನು ತಾನಾಗಿಯೇ ಮನೆಗೆ ತಂದುಬಿಡುತ್ತದೆ. ಇಷ್ಟು ಸುಲಭವಾದ ಯೋಜನೆಯಲ್ಲಿ ಸಂಚಾಲಕನಿಗೆ ಉಳಿದ ಕೆಲಸವೆಂದರೆ ಏಳು ಗಂಟೆಯೆಂದು ಕಾಗದದ ಮೇಲೆ ಬರೆಯುವುದು ಮಾತ್ರವೆಂದು ನಾನು ನಂಬಿದ್ದೆ.

ಎರಡನೆಯ ಕೆಲಸ ದೋಣಿಗಳ ಅನುಕ್ರಮ. ಯಂತ್ರದೋಣಿ ಮುಂದಿರಬೇಕೆಂದು ಅದರ ಯಜಮಾನರು. ಅದರ ಹೊಗೆ ಕುಡಿಯುವುದಕ್ಕೆ ತಾವು ಬರುವುದಿಲ್ಲವೆಂದು ಹುಟ್ಟುಹಾಕುವವರು. ವಯಸ್ಸಿನ ಪ್ರಕಾರ ಹೋಗೋಣವೆಂದು ಪುರೋಹಿತರು. ಒಡೆಯನ ವಯಸ್ಸೋ ದೋಣಿಯ ವಯಸ್ಸೋ ಎಂದು ಅಂಚೆಯವರು. ಈ ತತ್ತ್ವವಿಚಾರ ಮೂರು ಸಂಜೆ ನಡೆಯಿತು. ಕೊನೆಗೆ ಸಮಸ್ಯೆ ಬಗೆಹರಿದದ್ದು ಮೀನಿನಿಂದ. ಹನ್ನೊಂದರಲ್ಲಿ ನಾಲ್ಕು ದೋಣಿಗಳವರು ಮೀನನ್ನು ಹುರಿದುಕೊಂಡೇ ಹೋಗುವವರು, ಮೂರು ದೋಣಿಗಳವರು ಅದರ ವಾಸನೆಯನ್ನೂ ಸಹಿಸದವರು. ಹಗಲೇರಿದ ಮೇಲೆ ಗಾಳಿ ಸಮುದ್ರದ ಕಡೆಯಿಂದ ನದಿಯ ಮೇಲ್ಭಾಗಕ್ಕೆ ಬೀಸುವುದಾದ್ದರಿಂದ, ಮೀನಿನ ದೋಣಿಗಳು ಹಿಂದಿದ್ದರೆ ಮುಂದಿನವರ ಆಚಾರ ಕೆಡುವುದು. ಆದಕಾರಣ ಮೀನಿನ ದೋಣಿಗಳೇ ಮುಂದೆ ಹೋಗತಕ್ಕದ್ದೆಂದು ನಾನು ತೀರ್ಪುಕೊಟ್ಟೆ. ತೀರ್ಪು ಹೊರಟ ಸಂಜೆಯೇ ಮತ್ತೆ ಇಬ್ಬರು ನನ್ನ ಮನೆಗೆ ಬಂದು, ತಾವೂ ಮೀನು ತಿನ್ನುವವರೇ ಎಂದು ಬರೆಯಿಸಿಹೋದರು. ಯಾವಜ್ಜೀವ ಶಾಕಾಹಾರಿಗಳಾದ ಮತ್ತೊಬ್ಬರು ಜಗಲಿಯವರೆಗೆ ಬಂದು, ಸ್ವಲ್ಪ ಹೊತ್ತು ಕುಳಿತು, ಏನನ್ನೋ ಹೇಳಲು ಹೋಗಿ ಹೇಳದೆ ಎದ್ದುಹೋದರು.

ಶನಿವಾರ ಬಂತು. ಏಳು ಗಂಟೆಗೆ ಧಕ್ಕೆಯ ಮೇಲೆ ನಾನಿದ್ದೆ, ನನ್ನ ಪಾತಿದೋಣಿಯಿತ್ತು, ಮತ್ತು ಯಾರದೋ ನಾಯಿಯಿತ್ತು. ಎಂಟಕ್ಕೆ ನಾಲ್ಕು ದೋಣಿಗಳಾದವು. ಒಬ್ಬರು ಹುಟ್ಟು ಮರೆತು ಮನೆಗೆ ಹೋದರು, ಹುಟ್ಟನ್ನು ತಂದವರು ದೋಣಿಯ ನೀರು ತೋಡುವ ಗೆರಟೆಯನ್ನು ಮರೆತು ಹೋದರು. ತೇಲುಡುಗೆಗಳನ್ನು ನಾನು ನಾಲ್ಕು ಕಡೆ ಬೇಡಿ ತಂದಿದ್ದೆ. ಅವುಗಳನ್ನು ತೊಡುವುದು ಈಜು ಬಾರದವರ ಲಕ್ಷಣವೆಂದು ಬಗೆದು ಹಲವರು ಅವುಗಳನ್ನು ಕುಳಿತುಕೊಳ್ಳುವ ಮೆತ್ತೆಗಳನ್ನಾಗಿ ಮಾಡಿಕೊಂಡಿದ್ದನ್ನು ಕಂಡು, ತೊಡದಿದ್ದವರ ದೋಣಿಯನ್ನು ಬಿಡಗೊಡುವುದಿಲ್ಲವೆಂದು ಗದರಿಸಬೇಕಾಯಿತು. ಇದೆಲ್ಲ ಮುಗಿದು ಹತ್ತನೆಯ ದೋಣಿ ಬಂದಾಗ ಒಂಬತ್ತು ಗಂಟೆ. ಇನ್ನು ಹೊರಡೋಣವೆಂದೆ. ಆಗ ಯಂತ್ರದೋಣಿಯ ಯಜಮಾನರು, ಊರಿನಲ್ಲಿ ಅತ್ಯಾಧುನಿಕರೆಂದು ಹೆಸರಾದವರು, ಕೈಗಡಿಯಾರವನ್ನು ನೋಡಿ, ಶನಿವಾರ ಒಂಬತ್ತರಿಂದ ಹತ್ತೂವರೆ ರಾಹುಕಾಲ, ಹೊಸ ಯಂತ್ರ, ತಾನು ಕದಲುವುದಿಲ್ಲವೆಂದು ಲಂಗರು ಇಳಿಸಿಬಿಟ್ಟರು. ಪುರೋಹಿತರು, ನೀರಿಗೆ ರಾಹುವೂ ಇಲ್ಲ ಕೇತುವೂ ಇಲ್ಲ, ಇರುವುದು ಚಂದ್ರನೊಬ್ಬನೇ, ಅವನು ಕಾಯುವುದಿಲ್ಲ ಎಂದು ಎಷ್ಟು ಹೇಳಿದರೂ ಅವರು ಕೇಳಲಿಲ್ಲ. ಶಾಸ್ತ್ರಜ್ಞನು ವೈಜ್ಞಾನಿಕನಾಗಿಯೂ ಯಂತ್ರಜ್ಞನು ಶಾಸ್ತ್ರನಿಷ್ಠನಾಗಿಯೂ ಮಾರ್ಪಟ್ಟ ಆ ವಿಚಿತ್ರ ವಾಗ್ವಾದದ ನಡುವೆ ಹನ್ನೊಂದನೆಯ ದೋಣಿಯೂ ಬಂದು ಸೇರಿತೆಂಬುದೊಂದೇ ರಾಹುವಿನ ಉಪಕಾರ.

ಹತ್ತೂವರೆ ದಾಟಿ ಹೊರಟೆವು. ಅರ್ಧ ಗಂಟೆಯ ಕಾಲ ನಮ್ಮ ಶೋಭೆ ನೋಡುವಂತಿತ್ತು. ಆಮೇಲೆ ನೀರು ಒಂದು ಕ್ಷಣ ಯೋಚಿಸುವಂತೆ ನಿಂತು, ನಿಧಾನವಾಗಿ ಕಡಲ ಕಡೆಗೆ ಮುಖ ತಿರುಗಿಸಿತು. ನಡುಹೊಳೆಯಲ್ಲಿ ಸೆಳೆತ ಹೆಚ್ಚು, ಅಂಚಿನಲ್ಲಿ ಕಡಿಮೆ. ಎದುರುನೀರಿನಲ್ಲಿ ಹುಟ್ಟುಹಾಕುವವನು ಅಂಚನ್ನು ಹಿಡಿಯುವುದು ಜಾಣತನ. ಆದರೆ ಇಳಿತ ಮೊದಲು ಬರಿದುಮಾಡುವುದೂ ಆ ಅಂಚುಗಳನ್ನೇ ಎಂಬುದನ್ನು ಹನ್ನೊಂದು ಮಂದಿ ಜಾಣರಲ್ಲಿ ಯಾರೂ ನೆನೆಯಲಿಲ್ಲ. ಯಂತ್ರದೋಣಿಯವರು ಕಾಂಡ್ಲದ ಗಿಡಗಳ ಮಗ್ಗುಲಿನಲ್ಲಿ ಒಂದು ಒಳದಾರಿ ತಮಗೆ ಗೊತ್ತೆಂದು ಮುಂದೆ ನುಗ್ಗಿದರು. ಒಬ್ಬರನ್ನೊಬ್ಬರು ಅನುಸರಿಸುವುದಿಲ್ಲವೆಂದು ಮೂರು ಸಂಜೆ ವಾದಿಸಿದ್ದ ಉಳಿದವರು, ಅನುಸರಿಸಬಾರದಿದ್ದ ಆ ಒಂದು ಸಲ ಪರಮ ವಿಧೇಯತೆಯಿಂದ ಅನುಸರಿಸಿದರು. ಒಂದು ಗಂಟೆಯ ಹೊತ್ತಿಗೆ ಯಂತ್ರದ ರೆಕ್ಕೆ ಹೊಯಿಗೆಯನ್ನು ಕಡೆಯತೊಡಗಿತು; ಎರಡು ಗಂಟೆಗೆ ಹನ್ನೊಂದು ದೋಣಿಗಳೂ, ಸಂತೆಯಲ್ಲಿ ಮಾರಲಿಟ್ಟ ಕುಂಬಳಕಾಯಿಗಳಂತೆ, ವಿಶಾಲವಾದ ಒಂದು ಹೊಯಿಗೆ ದಿಬ್ಬದ ಮೇಲೆ ಅತ್ತ ಇತ್ತ ವಾಲಿ ಕುಳಿತಿದ್ದವು.

ಆ ಹೊತ್ತಿಗೆ ಬಳಚು ಹೆಕ್ಕುವ ಹೆಂಗಸರು ಬುಟ್ಟಿಗಳನ್ನು ಹಿಡಿದು ಅದೇ ನದಿಯಲ್ಲಿ ನಡೆದುಕೊಂಡು ಬಂದರು. ನಾವು ದೋಣಿಗಳಲ್ಲಿ ಕುಳಿತು ಕದಲದಿರುವುದನ್ನೂ ತಾವು ದೋಣಿಯಿಲ್ಲದೆ ನದಿಯನ್ನು ದಾಟುತ್ತಿರುವುದನ್ನೂ ಅವರು ಒಂದು ಗಳಿಗೆ ಮೌನವಾಗಿ ತೂಗಿನೋಡಿದರು. ಅವರಲ್ಲಿ ಹಿರಿಯಳೊಬ್ಬಳು ನನ್ನ ಗುರುತು ಹಿಡಿದು, “ಮಾಸ್ತರೇ, ನೀರು ಹೋಗೂ ಹೊತ್ತಿಗೆ ಬಂದು ನೀರು ಹುಡುಕ್ತ್ರಲ್ಲ!” ಎಂದಳು. ಏನು ಮಾಡಬೇಕೆಂದು ಕೇಳಿದೆ. “ಎಂತದೂ ಮಾಡೂದು ಬೇಡ. ಚಂದ್ರ ಬರಲಿ, ದೋಣಿ ತಂತಾನೇ ಏಳ್ತದೆ” ಎಂದು ಬಗ್ಗಿ ತನ್ನ ಕೆಲಸಕ್ಕೆ ತೊಡಗಿದಳು. ಅವಳ ಬುಟ್ಟಿ ಸಂಜೆಗೆ ಮುಂಚೆ ತುಂಬಿತು. ಅಂದು ಆ ಅಳಿವೆಯಲ್ಲಿ ಕಾಲಕ್ಕೆ ಸರಿಯಾಗಿ ನಡೆದ ಕಾರ್ಯಕ್ರಮ ಅವಳದೊಂದೇ.

ಹಸಿವು ಸ್ಥಾನಮಾನಗಳನ್ನು ಬಲ್ಲುದಲ್ಲ. ವಾಲಿದ ದೋಣಿಯಲ್ಲಿ ಬಾಳೆಯೆಲೆ ನಿಲ್ಲದಾದುದರಿಂದ ಎಲ್ಲರೂ ಇಳಿದು, ದಿಬ್ಬದ ಮೇಲೆ ಉದ್ದಕ್ಕೆ ಎಲೆ ಹಾಸಿ ಕುಳಿತರು. ಮೀನಿನವರು ಗಾಳಿಯ ಕೆಳಗಿನ ಕೊನೆಯಲ್ಲಿ, ಪುರೋಹಿತರು ಮೇಲಿನ ಕೊನೆಯಲ್ಲಿ, ನಡುವೆ ಉಳಿದವರು. ಬಡಿಸುತ್ತ ನಡೆದಾಗ ನನಗೆ ಥಟ್ಟನೆ ಹೊಳೆಯಿತು: ಹನ್ನೊಂದು ಚಕ್ರವರ್ತಿಗಳೂ ಒಂದೇ ಪಂಕ್ತಿಯಲ್ಲಿ ಕುಳಿತಿದ್ದಾರೆ, ಯಾರ ದೋಣಿಯೂ ಯಾರದಕ್ಕಿಂತ ಮುಂದಿಲ್ಲ. ನಾನು ಮೂರು ಸಂಜೆ ಗಂಟಲೊಣಗಿಸಿಕೊಂಡು ಸಾಧಿಸಲಾರದ್ದನ್ನು ಇಳಿತ ಮೂರು ಗಂಟೆಯಲ್ಲಿ ಒಂದು ಮಾತೂ ಆಡದೆ ಸಾಧಿಸಿತ್ತು.

ಸೂರ್ಯ ಕಡಲಿಗಿಳಿಯುವಾಗ ಘಟ್ಟದ ಮೇಲೆ ಚಂದ್ರ ಬಂದ. ಮೊದಲು ಹೊಯಿಗೆಯ ಗೆರೆಗಳಲ್ಲಿ ನೀರು ಬೆಳ್ಳಿಯ ಎಳೆಗಳಂತೆ ತೆವಳಿಬಂತು. ಆಮೇಲೆ ನನ್ನ ಪಾತಿದೋಣಿ, ಎಲ್ಲಕ್ಕಿಂತ ಹಗುರವಾದುದರಿಂದ, ಎಲ್ಲಕ್ಕಿಂತ ಮೊದಲು ಮೆಲ್ಲನೆ ಎದ್ದು ತೂಗಾಡಿತು. ಎಲ್ಲಕ್ಕಿಂತ ಕೊನೆಗೆ ಎದ್ದದ್ದು ಯಂತ್ರದೋಣಿ. ಯಂತ್ರದೊಳಗೆ ಹೊಯಿಗೆ ಸೇರಿದ್ದ ಕಾರಣ ಅದನ್ನು ಹಗ್ಗದಿಂದ ತೆಂಗಿನ ವ್ಯಾಪಾರಿಗಳ ಹುಟ್ಟಿನ ದೋಣಿಗೆ ಕಟ್ಟಿದರು. ಅನುಕ್ರಮದ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ. ಬೆಳುದಿಂಗಳಲ್ಲಿ ಹುಟ್ಟುಗಳ ಸದ್ದೊಂದನ್ನು ಬಿಟ್ಟರೆ ಮಾತೇ ಇರಲಿಲ್ಲ. ದೂರದಲ್ಲಿ ಕೊಂಕಣ ರೈಲಿನ ಕೂಗು ಒಮ್ಮೆ ಕೇಳಿ ಅಡಗಿತು. ರಾತ್ರಿ ಒಂಬತ್ತರ ಮೇಲೆ ಮಿರ್ಜಾನನ್ನು ಮುಟ್ಟಿ, ಪರಿಚಯದವರ ತೆಂಗಿನ ತೋಟದಲ್ಲಿ ಚಾಪೆ ಹಾಸಿದೆವು.

ಬೆಳಗ್ಗೆ ಕೋಟೆಯನ್ನು ಕಂಡೆವು. ಕೆಂಪುಕಲ್ಲಿನ ಗೋಡೆಗಳೂ ದುಂಡನೆಯ ಕೊತ್ತಳಗಳೂ ಸುತ್ತಲಿನ ಕಂದಕವೂ ಉಳ್ಳ ಆ ಕೋಟೆಯೊಂದಿಗೆ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರು ಕೂಡಿಕೊಂಡಿದೆ. ಹದಿನಾರನೆಯ ಶತಮಾನದ ನಡುವಿನಿಂದ ಐವತ್ತು ವರ್ಷಗಳಿಗೂ ಮೀರಿ ಆಳಿ, ಪೋರ್ಚುಗೀಸರಿಂದ ಕಾಳುಮೆಣಸಿನ ರಾಣಿಯೆಂದು ಕರೆಸಿಕೊಂಡವಳು ಅವಳು. ಘಟ್ಟದ ಮೆಣಸು ಈ ನೀರಿನ ಮೇಲೆಯೇ ಇಳಿದು ಕಡಲಾಚೆಗೆ ಹೋಗುತ್ತಿತ್ತು. ಕೊತ್ತಳದ ಮೇಲೆ ನಿಂತು ಅಷ್ಟೊಂದು ದೋಣಿಗಳ ಒಡೆಯರನ್ನು ಅವಳು ಹೇಗೆ ಸಂಭಾಳಿಸಿದಳೆಂದು ಬೆರಗಾದೆ. ಅಂಚೆಯವರು, ಅವಳಿಗೆ ಸೈನ್ಯವಿತ್ತು ಎಂದರು. ಪುರೋಹಿತರು, ಸೈನ್ಯಕ್ಕಿಂತ ಮಿಗಿಲಾಗಿ ಭರತದ ಹೊತ್ತು ಗೊತ್ತಿತ್ತು ಎಂದರು.

ಭಾನುವಾರ ಮಧ್ಯಾಹ್ನ ನಾನು ಕೂಗಲಿಲ್ಲ, ಕಾಗದ ಬರೆಯಲಿಲ್ಲ, ಗಡಿಯಾರ ನೋಡಲಿಲ್ಲ. ನೀರು ತುಂಬಿ ನಿಂತು, ಕಟ್ಟಿದ ದೋಣಿಗಳ ಮೂತಿಗಳು ಒಂದೊಂದಾಗಿ ಮೇಲ್ಗಡೆಗೆ ತಿರುಗಿ ಹಗ್ಗಗಳು ಕಡಲ ಕಡೆಗೆ ಎಳೆದುಕೊಳ್ಳುತ್ತಿದ್ದಂತೆಯೇ, ಹನ್ನೊಂದು ಮಂದಿಯೂ ಯಾರ ಅಪ್ಪಣೆಯನ್ನೂ ಕೇಳದೆ ಒಟ್ಟಿಗೆ ಎದ್ದು ಹಗ್ಗ ಬಿಚ್ಚಿದರು. ಸಂಜೆಗೆ ಮುಂಚೆ ತದಡಿಯನ್ನು ಮುಟ್ಟಿದೆವು. ಊರಿನವರು ಸಂಚಾಲಕರ ದಕ್ಷತೆಯನ್ನು ಹೊಗಳಿದರು. ಮನೆಯವಳು ಮಾತ್ರ ನನ್ನ ಪಂಚೆಗೆ ಅಂಟಿದ ಕೆಸರನ್ನು ನೋಡಿ ಏನನ್ನೂ ಕೇಳದೆ ಒಳಕ್ಕೆ ಹೋದಳು.

ದೋಣಿಗೆ ಮುನ್ನೂರು ರೂಪಾಯಿಗಳಂತೆ ಕೂಡಿದ ಹಣ 3,300 ರೂಪಾಯಿ. ಅಕ್ಕಿ, ತರಕಾರಿ, ಸೀಮೆಎಣ್ಣೆ, ಚಹದ ಪುಡಿ ಇತ್ಯಾದಿಗಳಿಗೆ 3,215 ಖರ್ಚಾಗಿ 85 ರೂಪಾಯಿ ಉಳಿಯಿತು. ಅದನ್ನು ಹಂಚಿಕೊಳ್ಳುವ ಕ್ರಮದ ಬಗ್ಗೆ ಚಹದಂಗಡಿಯಲ್ಲಿ ಮತ್ತೆ ಮೂರು ಸಂಜೆಯ ಚರ್ಚೆ ಆರಂಭವಾಗುವ ಲಕ್ಷಣ ಕಂಡುಬಂದುದರಿಂದ, ಯಾರನ್ನೂ ಕೇಳದೆ, ಆ ಹಣದಿಂದ ಹೊಸ ವರ್ಷದ ಪಂಚಾಂಗವೊಂದನ್ನು ಕೊಂಡು ಧಕ್ಕೆಯ ಕಂಬಕ್ಕೆ ಕಟ್ಟಿದ್ದೇನೆ.