ಮುಟ್ಟಿದರೆ ಮುನಿಯೋ ಬೊಂತೆ

ಒಳ್ಳೇ ಬಟ್ಟೆಯನ್ನ ಮೀಟರಿಗಿಷ್ಟು ಅಂತ ದುಡ್ಡು ಸುರಿದು ತರೋದು, ಒಗೆದು ಇಸ್ತ್ರಿ ಹಾಕೋದು, ಅಳತೆಪಟ್ಟಿ ಇಟ್ಟು ಚೂರು ಚೂರು ಮಾಡೋದು, ಆಮೇಲೆ ಆ ಚೂರುಗಳನ್ನೇ ಕೂಡಿಸಿ ಮತ್ತೆ ಒಂದು ಬಟ್ಟೆ ಮಾಡೋದು. ಇದಕ್ಕೆ ಕ್ವಿಲ್ಟಿಂಗ್ ಅಂತಾರೆ. ನಮ್ಮ ಮನೆಯವರು ಇನ್ನೂ ಏನೇನೋ ಅಂತಾರೆ, ಅದೆಲ್ಲ ಪತ್ರಿಕೆಯಲ್ಲಿ ಅಚ್ಚಾಗೋ ಮಾತಲ್ಲ. ನಮ್ಮಜ್ಜಿ ಹರಿದ ಸೀರೆ, ಸವೆದ ಪಂಚೆ, ತಾತನ ಬನಿಯನ್ನು ಎಲ್ಲವನ್ನೂ ಒಂದರ ಮೇಲೊಂದು ಹಾಸಿ, ದಪ್ಪ ಸೂಜಿಯಲ್ಲಿ ಹೊಲಿದು ಬೊಂತೆ ಮಾಡ್ತಿದ್ದಳು. ಅವಳ ಖರ್ಚು ಒಂದು ಉಂಡೆ ದಾರ. ಮೊಮ್ಮಗಳ ಬೊಂತೆಗೆ ಬೀಳೋ ಖರ್ಚಲ್ಲಿ ಒಂದು ಮೇಕೆ ಬರುತ್ತೆ, ಮೇಕೆಯಾದರೆ ಹಾಲಾದರೂ ಕೊಡುತ್ತೆ ಅನ್ನೋದು ನಮ್ಮ ಯಜಮಾನರ ವಾದ. ಮೇಕೆಯನ್ನ ಹೊದ್ದುಕೊಳ್ಳೋಕಾಗುತ್ತಾ ಅನ್ನೋದು ನನ್ನ ವಾದ. ಹಾಗಂತ ನನ್ನ ಕ್ವಿಲ್ಟನ್ನ ಯಾರಿಗಾದರೂ ಹೊದೆಯೋಕೆ ಬಿಟ್ಟಿದ್ದೀನಾ? ಅದು ಬೇರೆ ವಿಷಯ.

ಕೋಲಾರ ಜಿಲ್ಲೆಯಲ್ಲಿ ಈ ಹುಚ್ಚು ಹಿಡಿದ ನಾವು ತಾಲ್ಲೂಕಿಗೊಬ್ಬರಂತೆ ಇದ್ದೀವಿ. ಕೋಲಾರದಿಂದ ನಾನು. ಮಾಲೂರಕ್ಕ ಹೆಂಚು, ಇಟ್ಟಿಗೆಯ ಊರಿನವಳು. ಸಾಲು ಒಂದು ನೂಲು ಅತ್ತಿತ್ತ ಆದರೂ ಅವಳಿಗೆ ಊಟ ಸೇರಲ್ಲ. ಶ್ರೀನಿವಾಸಪುರದ ಹುಡುಗಿ ಮಾವಿನ ಮಂಡಿಯವರ ಮನೆ ಮಗಳು. ಚಿಲ್ಲರೆ ವ್ಯಾಪಾರ ಅವಳ ವಂಶದಲ್ಲೇ ಇಲ್ಲ, ಬಟ್ಟೆ ತಗೊಂಡರೆ ಥಾನುಗಟ್ಟಲೆ. ನಾಲ್ಕನೆಯವರು ಮುಳಬಾಗಿಲ ದೊಡ್ಡಮ್ಮ. ಅವರು ಕ್ವಿಲ್ಟರ್ ಅಲ್ಲವೇ ಅಲ್ಲ. ಬೊಂತೆ ಹೊಲಿಯೋರು, ಅತ್ತೆ ಕಾಲದಿಂದ. ಅರ್ಧ ತೆಲುಗು, ಅರ್ಧ ಕನ್ನಡ, ಪೂರ್ತಿ ಅಧಿಕಾರ.

2019ರ ಜನವರಿಯಲ್ಲಿ ಚೆನ್ನೈನಲ್ಲಿ ಇಂಡಿಯಾ ಕ್ವಿಲ್ಟ್ ಫೆಸ್ಟಿವಲ್ ನಡೀತು. ಬರೀ ಕ್ವಿಲ್ಟಿಗೇ ಅಂತ ನಮ್ಮ ಕಡೆ ಅಷ್ಟು ದೊಡ್ಡ ಜಾತ್ರೆ ಕೇಳಿದ್ದೇ ಇರಲಿಲ್ಲ. ಹೊರಟಿತು ನಮ್ಮ ದಂಡು. ಮಾಲೂರಕ್ಕನಿಗೆ ತೊಂದರೆಯಿಲ್ಲ, ಚೆನ್ನೈ ರೈಲು ಅವಳ ಊರಿನ ಮೇಲೇ ಹೋಗೋದು. ನಾನೂ ಶ್ರೀನಿವಾಸಪುರದ ಹುಡುಗಿಯೂ ಬಂಗಾರಪೇಟೆಗೆ ಬಂದು ಹತ್ತಬೇಕು. ಅವಳದು ದಾರಿಯುದ್ದಕ್ಕೂ ಗೋಳು: ಮಾವು ಹೂ ಬಿಡೋ ಕಾಲ, ಔಷಧಿ ಹೊಡೆಸೋದು ಬಿಟ್ಟು ಬಂದಿದ್ದೀನಿ, ಅಪ್ಪ ಬೈತಾರೆ. ಮುಳಬಾಗಿಲಿಗಂತೂ ರೈಲೇ ಇಲ್ಲ. ದೊಡ್ಡಮ್ಮ ಬಸ್ಸಲ್ಲಿ ಬಂದಿಳಿದರು. "ರೈಲಿಲ್ಲದಿದ್ದರೆ ಏನೀಗ? ದೋಸೆ ತಿನ್ನೋಕೆ ಊರೆಲ್ಲ ನಮ್ಮಲ್ಲಿಗೇ ಬರುತ್ತೆ" ಅಂದರು. ಕುಪ್ಪಂ ಬರೋ ಹೊತ್ತಿಗೆ ಕಟ್ಟಿಕೊಂಡು ಬಂದಿದ್ದ ದೋಸೆ ಖಾಲಿ, ಜೋಲಾರಪೇಟೆ ಬರೋ ಹೊತ್ತಿಗೆ ಊರಿನ ಸುದ್ದಿಯೂ ಖಾಲಿ. ಕಾಟ್ಪಾಡಿಯಿಂದ ಆಚೆಗೆ ನಿದ್ದೆ.

ಮೇಳದ ಹಾಲಿನೊಳಗೆ ಕಾಲಿಟ್ಟಾಗ ನಾವು ನಾಲ್ವರೂ ಬಾಯಿ ಮುಚ್ಚಿದ್ದು ನಿಜ. ದೊಡ್ಡಮ್ಮ ಬಾಯಿ ಮುಚ್ಚಿದ್ದನ್ನ ನೋಡೋಕೇ ಇನ್ನೊಂದು ಟಿಕೆಟ್ ಇಡಬಹುದಿತ್ತು. ಸಾಲು ಸಾಲಾಗಿ ನೇತುಬಿಟ್ಟ ಕ್ವಿಲ್ಟುಗಳು, ಮೇಲಿಂದ ಬೆಳಕು, ಜನ ಎರಡು ಹೆಜ್ಜೆ ಹಿಂದೆ ಸರಿದು ತಲೆ ಓರೆ ಮಾಡಿ ನೋಡೋದು. ಬೊಂತೆಗೆ ಇಂಥ ಮರ್ಯಾದೆ! ನಮ್ಮ ಮನೆಯಲ್ಲಿ ಅದರ ಮೇಲೆ ಬೆಕ್ಕು ಮರಿ ಹಾಕಿತ್ತು.

ಆಮೇಲೆ ಕಣ್ಣಿಗೆ ಬಿತ್ತು, ಮುಟ್ಟಬೇಡಿ ಅನ್ನೋ ಸೂಚನೆ.

ಕೋಲಾರದ ಹೆಂಗಸರಿಗೆ ಬಟ್ಟೆ ತೋರಿಸಿ ಮುಟ್ಟಬೇಡಿ ಅನ್ನೋದು ಎಂಥ ಶಿಕ್ಷೆ ಗೊತ್ತೇನು? ರೇಷ್ಮೆ ಸೀಮೆ ನಮ್ಮದು. ಹುಟ್ಟುತ್ತಲೇ ಹೆಬ್ಬೆರಳು, ತೋರುಬೆರಳ ನಡುವೆ ಅಂಚು ಹಿಡಿದು ತಿಕ್ಕೋದು ಬಂದುಬಿಡುತ್ತೆ. ಸೀರೆ ಅಂಗಡಿಯಲ್ಲಿ ಬಣ್ಣ ನೋಡೋದು ಆಮೇಲೆ, ಮೊದಲು ಬೆರಳು. ಅದರಲ್ಲೂ ಹೊಲಿಯೋರು ಕ್ವಿಲ್ಟಿನ ಮುಂಭಾಗ ನೋಡಿ ಮೆಚ್ಚೋರಲ್ಲ. ಮೇಲೆ ಬಣ್ಣದ ಚೂರುಗಳ ಪದರ, ನಡುವೆ ಹತ್ತಿಯ ಹಾಸು, ಕೆಳಗೆ ಅಸ್ತರಿನ ಬಟ್ಟೆ. ಸೂಜಿ ಮೂರನ್ನೂ ಹಿಡಿದಿದೆಯಾ, ದಾರ ಎಲ್ಲಾದರೂ ಸಡಿಲ ಬಿಟ್ಟಿದೆಯಾ, ಗಂಟು ಎಲ್ಲಿ ಮುಚ್ಚಿಟ್ಟಿದ್ದಾಳೆ, ಇದೆಲ್ಲ ಗೊತ್ತಾಗೋದು ಹಿಂದೆ ತಿರುಗಿಸಿದಾಗ. ತಿರುಗಿಸೋ ಹಾಗಿಲ್ಲ ಅಂದರೆ ಹೆಣ್ಣು ನೋಡೋಕೆ ಹೋಗಿ ಬಾಗಿಲ ಸಂದಿಯಿಂದ ಜಡೆ ನೋಡಿ ಬಂದ ಹಾಗೆ.

ಅಮೆರಿಕದ ಹ್ಯೂಸ್ಟನ್ನಿನ ದೊಡ್ಡ ಮೇಳದಲ್ಲಿ ಇದಕ್ಕೇ ಅಂತ ಸ್ವಯಂಸೇವಕಿಯರು ಇರ್ತಾರಂತೆ. ಬಿಳೀ ಕೈಗವಸು ತೊಟ್ಟು ನಿಂತಿರ್ತಾರೆ. ಕೇಳಿಕೊಂಡರೆ ಮೂಲೆ ಎತ್ತಿ ಹಿಂಬದಿ ತೋರಿಸ್ತಾರೆ. ಬೆರಳಿನ ಎಣ್ಣೆ, ಬೆವರು ಬಟ್ಟೆಗೆ ಹತ್ತಿದರೆ ಕಾಲ ಕಳೆದ ಹಾಗೆ ಕಲೆಯಾಗುತ್ತೆ, ಅದಕ್ಕೆ ಈ ಮಡಿ. ನಾನಿದನ್ನ ಹೇಳಿದ್ದೇ ತಡ, ದೊಡ್ಡಮ್ಮ ಸೆರಗಿನ ತುದಿಯನ್ನ ಕೈಗೆ ಸುತ್ತಿಕೊಂಡರು.

"ಈಗ ಮುಟ್ಟಬಹುದಾ?"

"ಬೇಡ ದೊಡ್ಡಮ್ಮಾ."

"ನಾನು ಮುಟ್ಟಲ್ಲಮ್ಮಾಯಿ, ಸೆರಗು ಮುಟ್ಟುತ್ತೆ."

ಅವರನ್ನ ಆ ಸಾಲಿಂದ ಎಳೆದುಕೊಂಡು ಬರೋದರೊಳಗೆ ಮಾಲೂರಕ್ಕ ಇನ್ನೊಂದು ಕಡೆ ತನ್ನ ಟೇಪು ಬಿಚ್ಚಿದ್ದಳು. ಕೈಯಲ್ಲೇ ಹೊಲಿದ ಬಿಳೀ ಕ್ವಿಲ್ಟು ಅದು. ಬಟ್ಟೆಗೆ ತಾಕದ ಹಾಗೆ ಟೇಪನ್ನ ಗಾಳಿಯಲ್ಲಿ ಹಿಡಿದು, ಕನ್ನಡಕ ಮೂಗಿನ ತುದಿಗೆ ತಂದು, ತುಟಿ ಅಲ್ಲಾಡಿಸ್ತಾ ಎಣಿಸ್ತಿದ್ದಾಳೆ. ಸಾಸಿವೆ ಕಾಳೂ ದೊಡ್ಡದು ಅನ್ನಿಸೋಷ್ಟು ಸಣ್ಣ ಹೊಲಿಗೆ, ಒಂದರಷ್ಟೇ ಇನ್ನೊಂದು, ಎಲೆಯ ಅಂಚಿನಲ್ಲಿ ತಿರುಗೋ ಕಡೆಯೂ ಉದ್ದ ಬದಲಾಗಿಲ್ಲ. "ಇಂಚಿಗೆ ಹತ್ತು ಕಣೇ!" ಅಂದಳು. ಪಳಗಿದ ಕೈ ಅನ್ನಿಸಿಕೊಳ್ಳೋಕೆ ಅಷ್ಟಿರಬೇಕು. ದೊಡ್ಡಮ್ಮನಿಗೆ ಇದು ಹಿಡಿಸಲಿಲ್ಲ. "ನಮ್ಮತ್ತೆ ಇಂಚಿಗೆ ಎರಡು ಹಾಕ್ತಿದ್ದರು. ಆ ಬೊಂತೆ ಮೂರು ಬಾಣಂತನ ಕಂಡಿದೆ. ಇದು ಒಂದಾದರೂ ಕಾಣುತ್ತಾ ಕೇಳು."

ಯಾರನ್ನ ಕೇಳೋದು? ಮುಂದಿನ ಸಾಲಿಗೆ ಹೋದೆವು. ಅಲ್ಲಿ ಕ್ವಿಲ್ಟಿನ ಮೇಲೆ ಒಂದು ಹೆಂಗಸಿನ ಮುಖ, ಬಣ್ಣದ ತುಂಡುಗಳಲ್ಲೇ ನೆರಳು ಬೆಳಕು ತಂದಿದ್ದಾರೆ. ಕಲೆಯಂದರೆ ಕಲೆ, ಎರಡು ಮಾತಿಲ್ಲ. ದೊಡ್ಡಮ್ಮ ಮಾತ್ರ ಒಂದೇ ಪ್ರಶ್ನೆಗೆ ಅಂಟಿಕೊಂಡರು: ಹೊದ್ದುಕೊಂಡಾಗ ಈ ಯಮ್ಮನ ಮುಖ ತಲೆ ಕಡೆಗೋ ಕಾಲ ಕಡೆಗೋ?

ಮಾಲೂರಕ್ಕ ಶಾಸ್ತ್ರ ಹೇಳೋದಕ್ಕೆ ಶುರು ಮಾಡಿದಳು. ಮೂರು ಪದರ ಸೇರಿಸಿ ಹೊಲಿಯುವಾಗ ನಡುಮಧ್ಯದಿಂದ ಹೊರಟು ಅಂಚಿಗೆ ಹೋಗಬೇಕು, ಇಲ್ಲದಿದ್ದರೆ ಬಟ್ಟೆ ನಡುವೆ ಉಬ್ಬಿ ಸುಕ್ಕಾಗುತ್ತೆ. ವಿಡಿಯೋ ಗುರುಗಳೆಲ್ಲ ಹೇಳೋದು ಇದನ್ನೇ. ಅವಳ ಈ ವೇದಕ್ಕೆ ನಮ್ಮ ರಾಜ್ಯದಲ್ಲೇ ಉತ್ತರ ಇದೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡಂಚಿನಲ್ಲಿ ಆಫ್ರಿಕಾ ಮೂಲದ ಸಿದ್ದಿಗಳಿದ್ದಾರಲ್ಲ, ಆ ಹೆಂಗಸರು ಕವಂದಿ ಅನ್ನೋ ತಮ್ಮ ಬೊಂತೆ ಹೊಲಿಯೋದು ತದ್ವಿರುದ್ಧ. ಹಳೇ ಸೀರೆ ಹಾಸಿ, ಮೂಲೆಯಿಂದ ಶುರು ಮಾಡಿ, ಅಂಚನ್ನ ಒಳಕ್ಕೆ ಮಡಿಸಿ, ಚೂರು ಇಟ್ಟುಕೊಂಡು ಹೊಲೀತಾ ಸುತ್ತ ಬರ್ತಾರೆ. ಒಂದು ಸುತ್ತು ಮುಗಿದರೆ ಅದರ ಒಳಗೆ ಇನ್ನೊಂದು. ಕೊನೆ ಹೊಲಿಗೆ ಬೀಳೋದು ನಟ್ಟನಡುವೆ. ಚೌಕಟ್ಟಿಲ್ಲ, ಮೊದಲೇ ಬರೆದ ನಕ್ಷೆಯಿಲ್ಲ, ಬಟ್ಟೆಯನ್ನ ಸರಿಯಾಗಿ ಕೂರಿಸೋದು ಕೈಗೆ ಬಿಟ್ಟ ವಿಷಯ. ನಾಲ್ಕು ಮೂಲೆಗೂ ಚಿಕ್ಕ ತ್ರಿಕೋನಗಳನ್ನ ಪದರ ಪದರವಾಗಿ ಮಡಿಸಿ ಫುಲ ಅಂತ ಇಡ್ತಾರೆ. ಅದಿಲ್ಲದಿದ್ದರೆ ಕವಂದಿಗೆ ಮೈಮೇಲೆ ಬಟ್ಟೆಯಿಲ್ಲ ಅನ್ನೋ ಲೆಕ್ಕ ಅವರಲ್ಲಿ. ಹೊದಿಕೆಗೇ ಬಟ್ಟೆ ಉಡಿಸೋ ಜನ! ಅಮೆರಿಕದ ಹೆನ್ರಿ ಡ್ರೂವಲ್ ಅನ್ನೋ ಕಲಾ ಇತಿಹಾಸದ ಪ್ರಾಧ್ಯಾಪಕರು ಈ ಹೆಂಗಸರ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದರು. 2011ರಲ್ಲಿ ಇವರ ಕವಂದಿಗಳು ನ್ಯೂಯಾರ್ಕಿನ ಶೋಂಬರ್ಗ್ ಸೆಂಟರಿನ ಗೋಡೆ ಏರಿದವು.

ಅದೇ ಅಮೆರಿಕದ ಅಲಬಾಮಾದಲ್ಲಿ ಜೀಸ್ ಬೆಂಡ್ ಅನ್ನೋ ಹಳ್ಳಿ. ಅಲ್ಲಿನ ಕಪ್ಪು ಹೆಂಗಸರು ಹೊಲಕ್ಕೆ ಹಾಕಿ ಸವೆಸಿದ ಪ್ಯಾಂಟು, ಅಂಗಿಗಳಲ್ಲಿ ಚಳಿಗೆ ಅಂತ ಹೊಲಿದುಕೊಂಡಿದ್ದನ್ನ 2002ರಲ್ಲಿ ಮ್ಯೂಸಿಯಮ್ಮಿನವರು ಗೋಡೆಗೆ ತೂಗುಹಾಕಿದರು, 2006ರಲ್ಲಿ ಅಂಚೆಚೀಟಿಯೂ ಬಂತು. ನಮ್ಮಲ್ಲೇ 2023ರಲ್ಲಿ, ಹಂಪಿಯ ಜಿ-20 ಸಭೆಯ ಹೊತ್ತಿಗೆ, ಸಂಡೂರಿನ ಲಂಬಾಣಿ ಹೆಂಗಸರ 1,755 ಕಸೂತಿ, ತೇಪೆ ಕೆಲಸಗಳನ್ನ ಒಂದೇ ಕಡೆ ಜೋಡಿಸಿ ಗಿನ್ನೆಸ್ ದಾಖಲೆ ಮಾಡಿದರು. ನಮ್ಮಜ್ಜಿಯ ಬೊಂತೆಯ ಹತ್ತಿರ ಮಾತ್ರ ಯಾವ ಪ್ರೊಫೆಸರೂ ಬರಲಿಲ್ಲ. ಬಂದಿದ್ದರೂ ಬೆಕ್ಕು ಬಿಡ್ತಿರಲಿಲ್ಲ.

ಇಷ್ಟು ಹೊತ್ತು ಕಲೆ, ಇತಿಹಾಸ ಅಂತ ಗಾಂಭೀರ್ಯದಿಂದ ಬರೆದೆ. ನಾವು ಮೇಳಕ್ಕೆ ಹೋದ ನಿಜವಾದ ಕಾರಣ ಇನ್ನು ಬರುತ್ತೆ: ಅಂಗಡಿ ಸಾಲು. ಹ್ಯೂಸ್ಟನ್ ಮೇಳ ಶುರುವಾಗಿದ್ದೂ ಹೀಗೇ. ಕೇರಿ ಬ್ರೆಸೆನ್‌ಹನ್ ಅನ್ನೋ ಅಂಗಡಿಯಮ್ಮ ಎಪ್ಪತ್ತರ ದಶಕದಲ್ಲಿ ತನ್ನ ಗಿರಾಕಿಗಳಿಗೆ ಕೃತಜ್ಞತೆ ಅಂತ ಇಟ್ಟ ಪುಟ್ಟ ಪ್ರದರ್ಶನ, ಬೆಳೆದು ಬೆಳೆದು ಅರ್ಧ ಲಕ್ಷಕ್ಕೂ ಮೇಲೆ ಜನ ಸೇರೋ ಪರಿಷೆ ಆಯಿತು. ವ್ಯಾಪಾರದ ಮರ್ಮ ಬಲ್ಲವಳು. ಚೆನ್ನೈನ ಹಾಲಿನಲ್ಲೂ ಅಷ್ಟೇ, ಮುಟ್ಟೋಕೆ ಬಿಡದೆ ನಮ್ಮ ಬೆರಳುಗಳನ್ನ ಗಂಟೆಗಟ್ಟಲೆ ಉಪವಾಸ ಕೆಡವಿ ಆಮೇಲೆ ಅಂಗಡಿ ಕಡೆ ಬಿಟ್ಟರೆ ಏನಾಗುತ್ತೆ? ದೊಡ್ಡಮ್ಮ ಒಂದೊಂದು ಮೇಜಿನ ಮೇಲಿನ ಒಂದೊಂದು ಬಟ್ಟೆಯನ್ನೂ ಸೆರಗು ಬಿಚ್ಚಿದ ಕೈಯಲ್ಲಿ ಹಿಂಡಿ, ತಿಕ್ಕಿ, ಬೆಳಕಿಗೆ ಹಿಡಿದು, ಮೂಸಿ ಕೂಡ ನೋಡಿದರು. ಒಂದನ್ನೂ ಕೊಳ್ಳಲಿಲ್ಲ.

ಕ್ವಿಲ್ಟಿನವರಿಗೆ ಅಂತಲೇ ಹದಿನೆಂಟು ಇಂಚಿಗೆ ಇಪ್ಪತ್ತೆರಡರ ಅಂದಾಜಿನ ತುಂಡುಗಳು ಬರ್ತವೆ, ಫ್ಯಾಟ್ ಕ್ವಾರ್ಟರ್ ಅಂತ. ಕರವಸ್ತ್ರಕ್ಕೆ ದೊಡ್ಡದು, ರವಿಕೆಗೆ ಸಾಲದು, ಒಟ್ಟಿನಲ್ಲಿ ಮನೆಯಲ್ಲಿ ಯಾರಿಗೂ ಸಮಜಾಯಿಷಿ ಕೊಡೋಕಾಗದ ಅಳತೆ. ಮಾಲೂರಕ್ಕ ಬಣ್ಣದ ಪಟ್ಟಿ ಬರೆದುಕೊಂಡೇ ಬಂದಿದ್ದಳು. ಪಟ್ಟಿಯಲ್ಲಿದ್ದದ್ದು ಬಿಟ್ಟು ಮಿಕ್ಕಿದ್ದೆಲ್ಲ ತಗೊಂಡಳು. ಶ್ರೀನಿವಾಸಪುರದ ಹುಡುಗಿ ಅಂಗಡಿಯವನನ್ನ "ಎಲ್ಲಾ ಒಟ್ಟಿಗೆ ಎಷ್ಟಕ್ಕೆ ಕೊಡ್ತೀರಿ?" ಅಂತ ಕೇಳಿದಾಗ ಪಾಪ ಆತ ತಮಾಷೆ ಅಂತ ನಕ್ಕ. ಆಮೇಲೆ ನಗಲಿಲ್ಲ. ಗೋಡೆ ಪಕ್ಕದ ಕುರ್ಚಿಗಳಲ್ಲಿ ಗಂಡಂದಿರ ಒಂದು ಸಾಲು, ಮಡಿಲ ತುಂಬ ಚೀಲ. ಒಬ್ಬರನ್ನೊಬ್ಬರು ನೋಡ್ತಾರೆ, ಮಾತಿಲ್ಲ. ಭಾಷೆ ಬೇರೆಯಾದರೂ ದುಃಖ ಒಂದೇ.

ವಾಪಸ್ ರೈಲಲ್ಲಿ, ಕಾಲಿಡೋಕೂ ಜಾಗ ಇಲ್ಲದ ಹಾಗೆ ಚೀಲ ತುಂಬಿಕೊಂಡು, ಕೋಲಾರದಲ್ಲೂ ನಾವೊಂದು ಮೇಳ ಮಾಡಬೇಕು ಅಂತ ತೀರ್ಮಾನ ಆಯಿತು. ಟಿ. ಚನ್ನಯ್ಯ ರಂಗಮಂದಿರ ಸಿಕ್ಕಿದರೆ ಸಾಕು. ಅಂಗಡಿ ಬಾಡಿಗೆಯ ಲೆಕ್ಕ ಶ್ರೀನಿವಾಸಪುರದವಳ ಕೈಯಲ್ಲಿ, ಅಳತೆ ತಪ್ಪಿದವರನ್ನ ಬಾಗಿಲಲ್ಲೇ ವಾಪಸ್ ಕಳಿಸೋ ಹೊಣೆ ಮಾಲೂರಕ್ಕನದು. ಬೊಂತೆಗಳನ್ನ ನೇತುಹಾಕೋದು ಹೇಗೆ ಅಂತ ನಾನು ಕೇಳಿದೆ.

"ಯಾಕೆ ನೇತುಹಾಕ್ತೀಯ?" ಅಂದರು ದೊಡ್ಡಮ್ಮ. "ನೆಲಕ್ಕೆ ಹಾಸು. ಮಧ್ಯಾಹ್ನ ಮುದ್ದೆ ಊಟ ಹಾಕ್ಸು. ಜಡ್ಜುಗಳನ್ನ ಒಂದೊಂದರ ಮೇಲೆ ಮಲಗಿಸು. ಯಾರ ಬೊಂತೆ ಮೇಲೆ ಮೊದಲು ಗೊರಕೆ ಬರುತ್ತೋ ಅವರಿಗೆ ಬಹುಮಾನ."

ನಮ್ಮ ಯಜಮಾನರನ್ನ ಮಾತ್ರ ಜಡ್ಜ್ ಮಾಡಬೇಡಿ, ಅವರಿಗೆ ಬರೀ ನೆಲದ ಮೇಲೂ ಗೊರಕೆ ಬರುತ್ತೆ ಅಂದೆ. ಮಾಲೂರಕ್ಕ ಟೇಪನ್ನ ಬೆರಳಿಗೆ ಸುತ್ತಿಕೊಳ್ತಾ ಯೋಚನೆಗೆ ಬಿದ್ದಿದ್ದಳು. ಅವಳಿಗೆ ಕಾಡ್ತಿದ್ದ ಸಂಶಯ ಒಂದೇ: ಇಬ್ಬರಿಗೂ ಒಟ್ಟಿಗೆ ಗೊರಕೆ ಬಂದರೆ ಅಳೆಯೋದು ಹೇಗೆ?